ನಾಲ್ಕು ಕೈ ಇದ್ದರೆ ಸಾಲದು

ದಾಳ ಉರುಳಿಸಿ ಕಥೆ ಕಟ್ಟುವ ನಮ್ಮ ಬಾಹ್ಯಾಕಾಶದ ಆಟಕ್ಕೆ ಹೊಸದಾಗಿ ಸೇರಿದವರು ಮೊದಲು ಕಟ್ಟಿಕೊಂಡು ಬರುವ ಅನ್ಯಗ್ರಹದವನಿಗೆ ಹೆಚ್ಚುಕಮ್ಮಿ ಯಾವಾಗಲೂ ನಾಲ್ಕು ಕೈ ಇರುತ್ತವೆ. ಮೈ ಬಣ್ಣ ನೀಲಿ, ಇಲ್ಲಾಂದ್ರೆ ಹಸಿರು. ಹಣೆ ಮೇಲೊಂದು ಉಬ್ಬು. "ಇವನ ಜನಕ್ಕೆ ಕೋಪ ಜಾಸ್ತಿ, ಆದ್ರೆ ಮಾತಿಗೆ ತಪ್ಪಲ್ಲ" ಅಂತ ಒಂದು ಸಾಲು. ಮುಗೀತು. ಆಗ ನಾನು ಕೇಳುವುದು ಒಂದೇ ಪ್ರಶ್ನೆ: ಇವನು ಪಕ್ಕದ ಕೋಣೆಗೆ ಬಾಡಿಗೆಗೆ ಬಂದರೆ ನನಗೇನು ತೊಂದರೆ?

ಉತ್ತರ ಸಿಗದಿದ್ದರೆ ಅವನು ವೇಷ ಹಾಕಿದ ಮನುಷ್ಯ, ಅಷ್ಟೇ. ನಮ್ಮ ಹಾಗೇ ಟೀ ಕುಡಿಯುತ್ತಾನೆ, ನಮ್ಮ ಹಾಗೇ ರಾತ್ರಿ ಮಲಗುತ್ತಾನೆ, ನಮ್ಮ ಹಾಗೇ ಬಾಗಿಲು ತಟ್ಟಿ ಒಳಗೆ ಬರುತ್ತಾನೆ. ಆ ಎರಡು ಕೈ ಸುಮ್ನೆ ಜಾಸ್ತಿ ಆದವು.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರ ಆಗುತ್ತಾರೆ. ನನ್ನ ಪಾತ್ರ ಹೀಗೆ ಮಾಡುತ್ತದೆ ಅಂತ ಬಾಯಲ್ಲೇ ಹೇಳುವುದು. ಆಗುತ್ತೋ ಇಲ್ಲವೋ ಅನ್ನುವ ಅನುಮಾನ ಬಂದ ಕಡೆ ದಾಳ ಉರುಳಿಸುವುದು. 1974ರಲ್ಲಿ ಅಮೆರಿಕದಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಬಂದಮೇಲೆ ಹಬ್ಬಿದ ಹುಚ್ಚು ಇದು. 1977ರಲ್ಲಿ ಬಂದ ಟ್ರಾವೆಲರ್ ಇದೇ ಹುಚ್ಚನ್ನು ಬಾಹ್ಯಾಕಾಶಕ್ಕೆ ಹತ್ತಿಸಿತು. ನಾವು ಟ್ರಾವೆಲರ್ ನಿಯಮವನ್ನೇ ಹಿಡಿದಿದ್ದೇವೆ. ಎರಡು ದಾಳ ಹಾಕು, ಎಂಟೋ ಅದಕ್ಕಿಂತ ಹೆಚ್ಚೋ ಬಂದರೆ ಕೆಲಸ ಆಯ್ತು. 36 ಬಗೆಯಲ್ಲಿ ದಾಳ ಬೀಳಬಹುದು, ಅದರಲ್ಲಿ ಗೆಲ್ಲುವುದು 15. ಅಂದರೆ ಸೋಲುವುದೇ ಜಾಸ್ತಿ, ಅದಕ್ಕೇ ಮಜಾ. ಇಪ್ಪತ್ತು ಮುಖದ ದಾಳ ತರಿಸುವ ಗೋಜಿಲ್ಲ. ನಮ್ಮ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಸಿಗುವ ಲೂಡೋ ದಾಳ ಸಾಕು.

ನಾನು ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವಳು. ಭಾನುವಾರ ಸಂಜೆ ನಮ್ಮ ಮನೆ ಮಹಡಿಯಲ್ಲಿ ಆಟ, ಕಥೆ ನಡೆಸುವವಳು ನಾನು. ಇಂಜಿನಿಯರಿಂಗ್ ಓದುವ ಅಣ್ಣನ ಮಗ, ರಕ್ತ ಪರೀಕ್ಷೆ ಲ್ಯಾಬಿನಲ್ಲಿ ಕೆಲಸ ಮಾಡುವ ಹುಡುಗಿ, ರಿಟೈರ್ ಆದ ಒಬ್ಬ ಮೇಷ್ಟ್ರು, ತೀರ್ಥಹಳ್ಳಿ ಕಡೆಯ ತೋಟದವರೊಬ್ಬರು. ಈ ತೋಟದವರನ್ನು ಎಲ್ಲರೂ ಮಾವ ಅಂತಲೇ ಕರೆಯುವುದು. ಮಳೆಗಾಲದಲ್ಲಿ ಕರೆಂಟ್ ಹೋಗುತ್ತದೆ, ಆಟಕ್ಕೇನೂ ತೊಂದರೆ ಇಲ್ಲ. ಎಮರ್ಜೆನ್ಸಿ ಲೈಟ್ ಬೆಳಕಿನಲ್ಲಿ ದಾಳದ ಚುಕ್ಕಿ ಕಂಡರಾಯ್ತು.

ನಮ್ಮ ಬಾಹ್ಯಾಕಾಶ ನಿಲ್ದಾಣದ ಹೆಸರು ಕಡವು. ದೊಡ್ಡ ಬಳೆ ಆಕಾರದ್ದು, ನಿಮಿಷಕ್ಕೆ ಎರಡು ಸುತ್ತು ತಿರುಗುತ್ತದೆ. ತಿರುಗುವುದರಿಂದಲೇ ಒಳಗಿರುವವರಿಗೆ ಭಾರ ಅನ್ನಿಸುವುದು. ಆ ವೇಗದಲ್ಲಿ ಭೂಮಿಯಷ್ಟೇ ಭಾರ ಬೇಕಾದರೆ ನಡುವಿನಿಂದ ಅಂಚಿಗೆ ಸುಮಾರು 224 ಮೀಟರ್ ಇರಬೇಕು. ಜೋಗದ ಎತ್ತರ 253 ಮೀಟರ್, ಅದಕ್ಕಿಂತ ಸ್ವಲ್ಪ ಗಿಡ್ಡ ಅಂತ ಹೇಳಿದ ಮೇಲೆ ಎಲ್ಲರಿಗೂ ಅಳತೆ ಕಣ್ಣಿಗೆ ಬಂತು. ಅಂಚಿನಿಂದ ನಡುವಿನ ಕಡೆ ಹತ್ತಿದ ಹಾಗೆ ಭಾರ ಇಳಿಯುತ್ತದೆ. 112 ಮೀಟರಿನ ಮಹಡಿಯಲ್ಲಿ ಅರ್ಧ ಭಾರ. ಸುಮಾರು 85 ಮೀಟರಿನಲ್ಲಿ ಮಂಗಳ ಗ್ರಹದಷ್ಟು. ನಟ್ಟನಡುವೆ ಏನೂ ಇಲ್ಲ, ತೇಲುವುದೇ.

ಈ ಒಂದು ಲೆಕ್ಕ ಹಾಕಿದರೆ ಅರ್ಧ ಕೆಲಸ ತಾನಾಗೇ ಆಗುತ್ತದೆ. ಯಾರ ಮೂಳೆ ಎಷ್ಟು ಗಟ್ಟಿ ಅನ್ನುವುದರ ಮೇಲೆ ಯಾರ ಬಾಡಿಗೆ ಎಲ್ಲಿ ಅಂತ ತೀರ್ಮಾನ ಆಗುತ್ತದೆ. ಹಗುರ ಗ್ರಹದವರು ಕೆಳಗಿನ, ಅಂದರೆ ಅಂಚಿನ ಸಂತೆಗೆ ಬಂದರೆ ಮೊಣಕಾಲು ನೋವು. ನಾವು ಅವರ ಮನೆಗೆ ಹೋದರೆ ಎದ್ದ ರಭಸಕ್ಕೆ ಸೂರಿಗೆ ತಲೆ ಬಡಿಯುತ್ತದೆ.

ಇನ್ನೊಂದು ವಿಷಯ ಮಂಡಿಯಲ್ಲಿ ಕೂತು ಕಲಿತದ್ದು. ಅಲ್ಲಿಗೆ ಯಾರೂ ಸುಮ್ನೆ ಬರಲ್ಲ. ತೋಟದವರಿಗೆ ದುಡ್ಡು ಬೇಕು, ಖರೀದಿ ಮಾಡುವವರಿಗೆ ರಾಶಿ ಇಡಿಯೋ ಬೆಟ್ಟೆಯೋ, ಒಳ್ಳೆ ಜಾತಿ ಅಡಿಕೆ ಬೇಕು, ಹಮಾಲರಿಗೆ ಕೂಲಿ ಬೇಕು. ಒಬ್ಬರ ಮುಖ ಒಬ್ಬರಿಗೆ ಆಗದಿದ್ದರೂ ವ್ಯಾಪಾರ ನಡೆಯುತ್ತದೆ. ನಿಲ್ದಾಣವೂ ಹಾಗೇ ಇರಬೇಕು ಅಂತ ನನ್ನ ಹಟ. ಶನಿಯ ಉಪಗ್ರಹ ಟೈಟನ್ ತರಹದ ಕಡೆ, ಮೈನಸ್ 179 ಡಿಗ್ರಿ ಚಳಿಯಲ್ಲಿ ಬದುಕುವ ಜೀವಿ ಬೇಕು ಅಂತ ಅಣ್ಣನ ಮಗ ಒಂದು ಕಾಲಕ್ಕೆ ಜೀವ ತಿಂದಿದ್ದ. ಕೇಳಲು ಚೆನ್ನಾಗಿದೆ. ಆದರೆ ಅದು ನಮ್ಮ ಜೊತೆ ಒಂದೇ ಕೋಣೆಯಲ್ಲಿ ಕೂರುವ ಹಾಗಿಲ್ಲ, ನಮ್ಮ ಹತ್ತಿರ ಇರುವುದು ಯಾವುದೂ ಅದಕ್ಕೆ ಬೇಡ. ರೇಡಿಯೋದಲ್ಲಿ ಒಂದು ದನಿ ಆಗಿ ಉಳಿಯಿತು.

ಹಾಗಾದರೆ ಪಕ್ಕದ ಕೋಣೆಗೆ ಆಗುವ ಜೀವಿಗಳನ್ನು ಎಲ್ಲಿಂದ ತರುವುದು? ನಾನು ಕಾಡಿನಿಂದ ತರುತ್ತೇನೆ. ನಮ್ಮದೇ ಕಾಡು. ಮಲೆನಾಡಿನ ಜೀವಿಗಳ ಬದುಕು ನೋಡಿದರೆ ಅನ್ಯಗ್ರಹ ಅಂತ ಬೇರೆ ಹುಡುಕಬೇಕಿಲ್ಲ. ಆದರೆ ಅವುಗಳ ಮುಖ ಎತ್ತಿಕೊಳ್ಳಬಾರದು. ಹಕ್ಕಿ ತಲೆ ಇಟ್ಟ ಮನುಷ್ಯ ಅಂದರೆ ಮತ್ತೆ ವೇಷವೇ ಆಯ್ತು. ಅವುಗಳ ಕಷ್ಟ ಎತ್ತಿಕೊಳ್ಳಬೇಕು.

ಮಂಗಟ್ಟೆ ಹಕ್ಕಿಯನ್ನೇ ತಗೊಳ್ಳಿ. ಮೊಟ್ಟೆ ಇಡುವ ಕಾಲಕ್ಕೆ ಹೆಣ್ಣು ಮರದ ಪೊಟರೆ ಹೊಕ್ಕು, ತನ್ನ ಹಿಕ್ಕೆ, ಹಣ್ಣಿನ ಚರಟ, ಮಣ್ಣು ಸೇರಿಸಿ ಬಾಗಿಲು ಮೆತ್ತಿಬಿಡುತ್ತದೆ. ಉಳಿಯುವುದು ಒಂದು ಸೀಳು ಮಾತ್ರ. ಒಳಗೆ ಕೂತಲ್ಲೇ ರೆಕ್ಕೆಯ ಗರಿ ಉದುರಿಸಿಕೊಂಡು ಹೊಸದು ಬೆಳೆಸಿಕೊಳ್ಳುತ್ತದೆ. ಅಷ್ಟು ದಿನವೂ ಗಂಡು ಅತ್ತಿ, ಗೋಳಿ ಹಣ್ಣು ತಂದು ಸೀಳಿನಲ್ಲಿ ತುರುಕಬೇಕು. ತಿಂಗಳುಗಟ್ಟಲೆ. ಗಂಡಿಗೆ ಏನಾದರೂ ಆದರೆ ಒಳಗಿನ ಸಂಸಾರ ಗತಿಗೆಟ್ಟಿತು.

ಇದನ್ನು ನಿಲ್ದಾಣಕ್ಕೆ ತಂದಾಗ ಗೂಡಿನವರು ಹುಟ್ಟಿದರು. ಅವರ ಮೂತಿ ಹೇಗಿದೆ ಅಂತ ನಾನು ಇವತ್ತಿಗೂ ಬರೆದಿಟ್ಟಿಲ್ಲ. ಬರೆದಿಟ್ಟಿರುವುದು ಇಷ್ಟು: ಬಸುರಿ ಆದವಳು ತನಗೆ ಅಭ್ಯಾಸವಾದ ಕೋಣೆಯಲ್ಲೇ ಮುಚ್ಚಿಕೊಳ್ಳುತ್ತಾಳೆ, ಜಾಗ ಬದಲಿಸಲು ಅವಳ ಮೈ ಒಪ್ಪಲ್ಲ. ಸೀಳಿನಲ್ಲಿ ಮಣಿಕಟ್ಟು ತೂರುತ್ತದೆ, ಹರಡಿದ ಅಂಗೈ ತೂರಲ್ಲ. ಊಟ ಕೊಡಲು ಅವಳು ಒಪ್ಪಿದವರ ಕೈ ಮಾತ್ರ ಆಗಬೇಕು. ಕಡವಿನ ಬೆಂಕಿ ಸುರಕ್ಷತೆ ನಿಯಮದ ಪ್ರಕಾರ ಯಾವ ಬಾಗಿಲನ್ನೂ ಹೀಗೆ ಮುಚ್ಚುವ ಹಾಗಿಲ್ಲ. ಮತ್ತೆ, ಈಗ ಬಸುರಿ ಆಗಿರುವವಳು ಹಡಗುಗಳನ್ನು ಒಳಗೆ ಬಿಟ್ಟುಕೊಳ್ಳುವ ಅಧಿಕಾರಿ. ಮುಚ್ಚಿಕೊಂಡ ಕೋಣೆ ಡಾಕಿಂಗ್ ಕಂಟ್ರೋಲ್ ರೂಮು.

ಆ ಸಂಜೆ ಅಣ್ಣನ ಮಗ ದಾಳ ಮುಟ್ಟುವ ಮೊದಲೇ ತಲೆ ಹಿಡಿದುಕೊಂಡ. ಅವನ ಪಾತ್ರ ಸೇಫ್ಟಿ ಆಫೀಸರ್.

"ಅಲ್ಲಾ ಅತ್ತೆ, ಇವ್ಳು ಒಳಗೆ ಕೂತ್ರೆ ಹಡಗು ಯಾರು ಬಿಟ್ಕೊಳ್ತಾರೆ?"

"ಅದನ್ನ ನೀನು ಹೇಳ್ಬೇಕು. ಆಫೀಸರ್ ನೀನಲ್ವಾ?"

"ಗೋಡೆ ಒಡೆಸ್ತೀನಿ."

"ಎಂಥ ಗೋಡೆ ಒಡೆಸೋದು ಮಾರಾಯ," ಅಂದರು ಮಾವ. "ಮೊದಲು ಆ ಹೆಂಗಸಿಗೆ ಊಟ ಹಾಕಿ. ಅವಳ ಗಂಡ ಎಲ್ಲಿ ಹೋದ?"

ಗಂಡ ಎಲ್ಲಿ ಹೋದ ಅನ್ನುವುದೇ ಮುಂದಿನ ಕಥೆ ಆಯಿತು. ಅವನು ಸರಕು ಹಡಗಿನವನು, ಹೋದವನು ಬಂದಿರಲಿಲ್ಲ. ಅಷ್ಟರಲ್ಲಿ ಲ್ಯಾಬ್ ಹುಡುಗಿ ಒಂದು ಚೆಂದದ ಕೆಲಸ ಮಾಡಿದಳು. ಒಳಗಿನವಳು ಉದುರಿದ ಹುರುಪೆಗಳನ್ನು ಸೀಳಿನಿಂದ ಹೊರಗೆ ನೂಕುತ್ತಾಳೆ ಅಂತ ನಾನು ಬಾಯಿಮಾತಿಗೆ ಹೇಳಿದ್ದೆ. ಇವಳ ಪಾತ್ರ ನೆಲಕ್ಕೆ ಕೂತು ಅವನ್ನು ಆರಿಸಿತು. ಬುಡ ಒದ್ದೆ ಇದೆಯಾ, ಒಣಗಿದೆಯಾ ಅಂತ ಕೇಳಿದಳು. ಒದ್ದೆ ಅಂದೆ. "ಹಾಗಾದ್ರೆ ಉದುರೋದು ಈಗ ಶುರು ಆಗಿದೆ ಅಕ್ಕ. ಹೊಸದು ಬೆಳೆದು ಗಟ್ಟಿ ಆಗೋವರೆಗೂ ಹೊರಗೆ ಬರಲ್ಲ." ನಾನು ಯೋಚಿಸದೇ ಇದ್ದದ್ದು ಅದು. ಒಪ್ಪಿಕೊಂಡೆ, ಆವತ್ತಿನಿಂದ ಅದೇ ನಿಯಮ. ಕಂಟ್ರೋಲ್ ರೂಮಿನ ಪಾಸ್‌ವರ್ಡ್ ಈಗಲೂ ಒಳಗೇ ಇದೆ. ಒಂದೊಂದು ಹಡಗು ಬಂದಾಗಲೂ ಯಾರಾದರೂ ಹಣ್ಣಿನ ಮುದ್ದೆ ಹಿಡಿದು ಸೀಳಿನ ಮುಂದೆ ನಿಂತು ಪುಸಲಾಯಿಸಬೇಕು.

ಎರಡನೆಯವರು ಕಾಲುಮಾತಿನವರು. ಮೂಡಿಗೆರೆ ತಾಲೂಕಿನ ಕೊಟ್ಟಿಗೆಹಾರದ ಹೆಸರು ಹೊತ್ತ ಒಂದು ಪುಟ್ಟ ಕಪ್ಪೆ ಇದೆ. ಹಳ್ಳದ ಬಂಡೆ ಮೇಲೆ ಕೂತು ಹಿಂಗಾಲು ಚಾಚಿ, ಬೆರಳು ಅಗಲಿಸಿ ಬೀಸುತ್ತದೆ. ನೀರಿನ ಅಬ್ಬರದಲ್ಲಿ ವಟಗುಟ್ಟಿದರೆ ಯಾರಿಗೆ ಕೇಳಬೇಕು? ಕಾಲು ಬೀಸಿದರೆ ಕಾಣುತ್ತದೆ. ಇಡೀ ಒಂದು ಜನ ಕಾಲಿನಲ್ಲೇ ಮಾತಾಡಿದರೆ ಹೇಗೆ ಅಂತ ಶುರು ಮಾಡಿದೆ. ಮಾತಾಡಬೇಕಾದರೆ ಅವರು ಕೂರಬೇಕು, ಕೂರಲು ಭಾರ ಬೇಕು. ನಿಲ್ದಾಣದ ನಡುವೆ ತೇಲುವಾಗ ಅವರಿಗೆ ಮಾತೇ ಹೊರಡಲ್ಲ, ಕಾಲು ಎತ್ತೆತ್ತಲೋ ಹೋಗಿ ಬಾಯಿಗೆ ಬಂದದ್ದೆಲ್ಲ ಒದರಿದ ಹಾಗೆ ಆಗುತ್ತದೆ. ಹಾಗಾಗಿ ಅವರ ರಾಯಭಾರಿ ಹಡಗು ಇಳಿದ ಕೂಡಲೇ ಕುರ್ಚಿಗೆ ಬೆಲ್ಟು ಕಟ್ಟಿಸಿಕೊಳ್ಳುತ್ತಾನೆ. ಬೇರೆಯವರು ಅದನ್ನು ಜಂಬ ಅಂದುಕೊಂಡಿದ್ದಾರೆ.

ವ್ಯಾಪಾರಕ್ಕೆ ಅವರಿಗೊಂದು ಗುಟ್ಟಿನ ಮಾತೂ ಬೇಕಿತ್ತು. ಕಾಲು ಬೀಸಿದರೆ ಇಡೀ ಸಂತೆಗೆ ಕಾಣುತ್ತದಲ್ಲ. ದನದ ಜಾತ್ರೆಗಳಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ರೇಟು ಕುದುರಿಸುವುದು ನೋಡಿದ್ದೀರಲ್ವಾ? ಅದನ್ನೇ ಕೊಟ್ಟೆ. ದೊಡ್ಡ ಕಂಬಳಿ, ಅದರ ಕೆಳಗೆ ಪಾದಕ್ಕೆ ಪಾದ. ಚೌಕಾಸಿ ಮಾಡಲು ಬೂಟು ಬಿಚ್ಚಬೇಕು.

ನಮ್ಮ ಮೇಷ್ಟ್ರಿಗೆ ಕೂತಲ್ಲಿ ಕಾಲು ಅಲ್ಲಾಡಿಸುವ ಅಭ್ಯಾಸ. ಆಟದಲ್ಲಿ ಅವರ ಪಾತ್ರ ಕಾಲುಮಾತಿನವರ ಸಾಹುಕಾರನ ಎದುರು ಕೂತಿತ್ತು. ಮೇಷ್ಟ್ರ ಕಾಲು ಮೇಜಿನ ಕೆಳಗೆ ಟಕಟಕ ಅಲ್ಲಾಡುತ್ತಿತ್ತು. ನಾನು ಏನೂ ಹೇಳದೆ ಪುಸ್ತಕದಲ್ಲಿ ಬರೆದುಕೊಳ್ಳುತ್ತಾ ಹೋದೆ. ಕೊನೆಗೆ ಅವರು ಎಷ್ಟು ಸಾಲಕ್ಕೆ, ಯಾವ ಬಡ್ಡಿಗೆ ಹೂಂ ಅಂದಿದ್ದಾರೆ ಅಂತ ಓದಿದೆ. ಮಂಡಿ ಲೆಕ್ಕ ಬರೆಯುವವಳ ಎದುರು ಬಡ್ಡಿ ತಕರಾರು ನಡೆಯಲ್ಲ. ಈಗ ಅವರು ಆಟಕ್ಕೆ ಬಂದರೆ ಚಕ್ಕಳಮಕ್ಕಳ ಹಾಕಿಕೊಂಡೇ ಕೂರುವುದು.

ಉಂಬಳದ, ಅಂದರೆ ರಕ್ತ ಹೀರುವ ಕಾಡು ಜಿಗಣೆಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಮಲೆನಾಡಿನವಳಾಗಿ ಉಂಬಳ ಬಿಟ್ಟೆಯಲ್ಲ ಅಂತ. ಅದು ಕೂಡಲೇ ಖಳನಾಯಕ ಆಗಿಬಿಡುತ್ತದೆ, ಹೊಡೆದು ಸಾಯಿಸುವುದು ಬಿಟ್ಟು ಬೇರೆ ಆಟ ಹುಟ್ಟಲ್ಲ. ಸದ್ಯಕ್ಕೆ ಬೇಡ.

ನನ್ನನ್ನೇ ನಿದ್ದೆಗೆಡಿಸಿದವರು ಮೂರನೆಯವರು, ನೂಲಿನವರು. ಇವರು ಬಂದದ್ದು ಚಗಳಿ ಇರುವೆಯಿಂದ. ಚಗಳಿ ಚಟ್ನಿ ತಿಂದವರಿಗೂ ಅದು ಗೂಡು ಕಟ್ಟುವುದನ್ನು ಕೂತು ನೋಡಲು ಪುರುಸೊತ್ತು ಇರುವುದಿಲ್ಲ. ಕೆಲಸದ ಇರುವೆಗಳು ಒಂದರ ಸೊಂಟ ಒಂದು ಕಚ್ಚಿ ಸರಪಳಿ ಆಗಿ, ಎರಡು ಎಲೆಯ ಅಂಚನ್ನು ಹತ್ತಿರ ಎಳೆದು ಹಿಡಿಯುತ್ತವೆ. ಹೊಲಿಯಲು ನೂಲು ಬೇಕಲ್ಲ, ಅದು ದೊಡ್ಡವುಗಳ ಹತ್ತಿರ ಇಲ್ಲ. ಮರಿಹುಳುಗಳ ಹತ್ತಿರ ಮಾತ್ರ ಇದೆ. ಒಂದು ಇರುವೆ ಮರಿಯನ್ನು ಬಾಯಲ್ಲಿ ಹಿಡಿದು ತಂದು, ಮೆಲ್ಲಗೆ ಒತ್ತಿ, ಈ ಎಲೆಗೊಮ್ಮೆ ಆ ಎಲೆಗೊಮ್ಮೆ ಮುಟ್ಟಿಸುತ್ತದೆ. ನೂಲು ಎಳೆಎಳೆಯಾಗಿ ಅಂಟುತ್ತದೆ. ತನಗೆ ಗೂಡು ಸುತ್ತಿಕೊಳ್ಳಬೇಕಾದ ನೂಲನ್ನು ಮರಿ ಮನೆಗೇ ಕೊಟ್ಟುಬಿಡುತ್ತದೆ. ಅದರ ಕೋಶಾವಸ್ಥೆಗೆ ಹೊದಿಕೆ ಇರುವುದಿಲ್ಲ.

ನಿಲ್ದಾಣದಲ್ಲಿ ತೂತು ಮುಚ್ಚುವವರಿಗೆ ಇರುವ ಬೆಲೆ ಬೇರೆ ಯಾರಿಗೂ ಇಲ್ಲ. 2018ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಜೋಡಿಸಿದ್ದ ಸೋಯುಜ್ ನೌಕೆಯಲ್ಲಿ ಸುಮಾರು 2 ಮಿಲಿಮೀಟರ್ ತೂತು ಸಿಕ್ಕಿತ್ತು. ಗಾಳಿ ಸೋರುತ್ತಿತ್ತು, ಒಳಗಿದ್ದವರು ಎಪಾಕ್ಸಿ ಅಂಟು ಹಚ್ಚಿ ಮುಚ್ಚಿದರು. ಕಡವಿನಲ್ಲಿ ಈ ಕೆಲಸ ನೂಲಿನವರದ್ದು. ಅವರ ನೂಲು ಎಂಥ ಬಿರುಕನ್ನೂ ಹಿಡಿಯುತ್ತದೆ. ಆದರೆ ನೂಲು ಬರುವುದು ಮಕ್ಕಳ ಬಾಯಿಂದ, ದೊಡ್ಡವರಾದರೆ ಬತ್ತಿಹೋಗುತ್ತದೆ. ಅಪ್ಪಂದಿರು ಮಕ್ಕಳನ್ನು ಎದೆಗೆ ಕಟ್ಟಿಕೊಂಡು ಹೊರಗೋಡೆಯ ಕೆಲಸಕ್ಕೆ ಹೋಗುತ್ತಾರೆ.

ಇಲ್ಲಿ ಆಟ ನಿಂತೇ ಹೋಯಿತು. ನಮ್ಮ ದೇಶದಲ್ಲಿ 14 ವರ್ಷಕ್ಕಿಂತ ಚಿಕ್ಕವರನ್ನು ಕೆಲಸಕ್ಕೆ ಹಚ್ಚುವ ಹಾಗಿಲ್ಲ, ನಿಲ್ದಾಣದಲ್ಲಿ ಯಾಕೆ ಬಿಡಬೇಕು ಅಂತ ಅಣ್ಣನ ಮಗ ಎದ್ದ. ಮಕ್ಕಳಿಗೆ ಅದು ಕೆಲಸವೋ, ಜೊಲ್ಲು ಸುರಿಸಿದ ಹಾಗೋ ಅಂತ ಲ್ಯಾಬ್ ಹುಡುಗಿ ಕೇಳಿದಳು. ಸುರಿಸಿದ ನೂಲಿನ ಲೆಕ್ಕ ಯಾರ ಹೆಸರಿಗೆ ಬರೆಯುತ್ತೀರಿ ಅಂತ ಮಾವ. ಮೇಷ್ಟ್ರು ಬಹಳ ಹೊತ್ತು ಸುಮ್ಮನಿದ್ದು, "ಆ ಮಕ್ಕಳಿಗೆ ಇಸ್ಕೂಲು ಎಷ್ಟು ಗಂಟೆಗೆ?" ಅಂದರು. ದಾಳವನ್ನು ಯಾರೂ ಮುಟ್ಟಲಿಲ್ಲ. ಕೆಳಗಿನಿಂದ ಅಮ್ಮ ಊಟಕ್ಕೆ ಕರೆದದ್ದೂ ಕೇಳಿಸಲಿಲ್ಲ. ನಾಲ್ಕು ಕೈಯವನು ಇಷ್ಟು ಮಾತು ಎಬ್ಬಿಸಿದ್ದನ್ನು ನಾನು ಕಂಡಿಲ್ಲ.

ಆಟದಲ್ಲಿ ಈಗಿರುವ ಪರಿಸ್ಥಿತಿ ಇದು: ಡಾಕಿಂಗ್ ರೂಮಿನ ಪಕ್ಕದ ಗೋಡೆಯಲ್ಲಿ ಬಿರುಕು ಕಂಡಿದೆ. ಗೂಡಿನವಳನ್ನು ಅಲ್ಲಿಂದ ಎಬ್ಬಿಸುವ ಹಾಗಿಲ್ಲ. ನೂಲಿನವರ ಮಗು ಬಂದರೆ ಬಿರುಕು ಮುಚ್ಚುತ್ತದೆ, ಬರಬೇಕಾದರೆ ಸೇಫ್ಟಿ ಆಫೀಸರ್ ಸಹಿ ಹಾಕಬೇಕು. ಅಣ್ಣನ ಮಗ ಮುಂದಿನ ಭಾನುವಾರದವರೆಗೆ ಟೈಮ್ ಕೇಳಿದ್ದಾನೆ. ಕೊಟ್ಟಿದ್ದೇನೆ. ಅವತ್ತೇ ಮೇಷ್ಟ್ರ ಸಾಲದ ಮೊದಲ ಕಂತೂ ಇದೆ. ಸಾಹುಕಾರ ಕಂಬಳಿ ಹಿಡಿದುಕೊಂಡು ಬರುತ್ತಾನೆ.