ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು: ಐದು ತಿಂಗಳ ದಿನಚರಿ

ನಮ್ಮ ತಾಲ್ಲೂಕಿನ ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಮೇಲ್ವಿಚಾರಕರಿಗೆ, ಅಂಗವಿಕಲ ಮಕ್ಕಳನ್ನು ಆಟಕ್ಕೆ ಸೇರಿಸಿಕೊಳ್ಳುವುದನ್ನು ಕಲಿಸುವ ಕೆಲಸಕ್ಕೆ ಕೈ ಹಾಕಿ ಐದು ತಿಂಗಳಾಯಿತು. ಗ್ರಂಥಾಲಯಕ್ಕೂ ಆಟಕ್ಕೂ ಏನು ಸಂಬಂಧ ಎಂದು ಪಟ್ಟಣದವರು ಕೇಳಬಹುದು. 2019ರಲ್ಲಿ ಈ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಯ ಕೈಗೆ ಬಂದವು. ಈಗ ಫಲಕದ ಮೇಲೆ ‘ಅರಿವು ಕೇಂದ್ರ’ ಎಂದಿದೆ. ಒಳಗೆ ಪುಸ್ತಕಗಳ ಜೊತೆಗೆ ಕೇರಂ, ಚೆಸ್. ಬೇಸಿಗೆ ಬಂದರೆ ಮಕ್ಕಳ ಶಿಬಿರ. ಹಳ್ಳಿಯ ಮಗುವಿಗೆ ಶಾಲೆಯ ಹೊರಗೆ ಸರ್ಕಾರದ ಲೆಕ್ಕದಲ್ಲಿ ಸಿಗುವ ಮನರಂಜನೆ ಬಹುಮಟ್ಟಿಗೆ ಇಷ್ಟೇ.

ನಾನು ನಿವೃತ್ತ ದೈಹಿಕ ಶಿಕ್ಷಕ. ಜೊತೆಗಿರುವವನು ಬಾಲ್ಯದ ಗೆಳೆಯ. ಹನ್ನೆರಡನೇ ವಯಸ್ಸಿಗೆ ದೃಷ್ಟಿ ಹೋದವನು, ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದವನು. ಮೂವತ್ತೊಂದು ವರ್ಷದ ಸೇವೆಯಲ್ಲಿ ಕಾಲು ಸರಿಯಿಲ್ಲದ, ಕಣ್ಣು ಕಾಣದ ಎಷ್ಟೋ ಮಕ್ಕಳನ್ನು ಮರದ ಕೆಳಗೆ ಕೂರಿಸಿ ‘ನೀನು ಸ್ಕೋರ್ ಬರಿ, ನೀನು ಚಪ್ಪಲಿ ಕಾಯಿ’ ಎಂದಿದ್ದೇನೆ. ಅದನ್ನು ಉಪಕಾರವೆಂದೇ ತಿಳಿದಿದ್ದೆ. ಈ ದಿನಚರಿ ಬರೆಯುವ ಮೊದಲು ಅದನ್ನು ಹೇಳಿಬಿಡುವುದು ಒಳ್ಳೆಯದು.

ಜನವರಿ 11

ಮೊದಲ ತರಗತಿ. ಇಪ್ಪತ್ಮೂರು ಜನ ಬಂದಿದ್ದರು. ತಾಲ್ಲೂಕು ಪಂಚಾಯಿತಿಯವರು ಸಭಾಂಗಣ ಕೊಟ್ಟರು, ಮಧ್ಯಾಹ್ನದ ಊಟ ಕೊಟ್ಟರು. ಸಭಾಂಗಣ ಕೇಳಲು ಹೋದಾಗ ಉಪಯೋಗಕ್ಕೆ ಬಂದದ್ದು 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ 47ನೇ ಕಲಂ. ಪಂಚಾಯತ್ ರಾಜ್ ಸದಸ್ಯರ ತರಬೇತಿಯಲ್ಲಿ ಅಂಗವಿಕಲರ ಹಕ್ಕುಗಳ ಪಾಠ ಇರಲೇಬೇಕೆಂದು ಅದರಲ್ಲಿದೆ. ಮೇಲ್ವಿಚಾರಕರು ಸದಸ್ಯರಲ್ಲ, ನಿಜ. ಆದರೂ ಕಾಗದದಲ್ಲಿ ಕಲಂ ಸಂಖ್ಯೆ ಕಂಡರೆ ಕಚೇರಿಯಲ್ಲಿ ಕುರ್ಚಿ ಸಿಗುತ್ತದೆ.

ತರಗತಿ ಮಾತ್ರ ನೆಲ ಕಚ್ಚಿತು. ಕಾನೂನಿನಿಂದ ಶುರು ಮಾಡಿದೆ. 1995ರ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯ ಇದ್ದದ್ದು ಈಗ ಇಪ್ಪತ್ತೊಂದಾಗಿದೆ, 29ನೇ ಕಲಂ ಸಾಂಸ್ಕೃತಿಕ ಬದುಕು ಮತ್ತು ಮನರಂಜನೆಯದು, 30ನೇದು ಕ್ರೀಡೆಯದು. ಇಪ್ಪತ್ತೊಂದನ್ನೂ ಓದಿ ಮುಗಿಸುವ ಹೊತ್ತಿಗೆ ಹಿಂದಿನ ಸಾಲು ತೂಕಡಿಸುತ್ತಿತ್ತು.

ಊಟದ ನಂತರ ಎಲ್ಲರ ಕಣ್ಣಿಗೂ ಬಟ್ಟೆ ಕಟ್ಟಿ ಸಭಾಂಗಣ ಸುತ್ತಿಸಿದೆ. ಇಂಥ ತರಬೇತಿಗಳಲ್ಲಿ ಎಲ್ಲರೂ ಮಾಡಿಸುವುದು ಇದನ್ನೇ. ಬಟ್ಟೆ ಬಿಚ್ಚಿದಾಗ ಒಬ್ಬರ ಕಣ್ಣಲ್ಲಿ ನೀರು. ‘ಪಾಪ, ಇವರೆಲ್ಲ ಹೇಗೆ ಬದುಕುತ್ತಾರೋ’ ಎಂದರು. ನನಗೆ ಗೆದ್ದ ಹಾಗಾಯಿತು. ಬಸ್ಸಿನಲ್ಲಿ ಗೆಳೆಯ ಹೇಳಿದ: ‘ಏನಯ್ಯಾ, ಐದು ನಿಮಿಷ ಕುರುಡರಾದವರಿಗೆ ಗೊತ್ತಾಗುವುದು ಎಡವುವುದು ಮಾತ್ರ. ನಾನು ನಲವತ್ತೆಂಟು ವರ್ಷದಿಂದ ಕಲಿತದ್ದು ನಡೆಯುವುದನ್ನು. ಅವರಿಗೆ ಅದನ್ನು ತೋರಿಸಿದೆಯಾ?’

ಕಣ್ಣಿಗೆ ಬಟ್ಟೆ ಕಟ್ಟುವ ಪ್ರಯೋಗ ಅಂದಿಗೇ ಬಂದ್.

ದಿನದ ಲಾಭ ಒಂದೇ. ಹೊರಡುವಾಗ ಹಿರಿಯ ಮೇಲ್ವಿಚಾರಕಿಯೊಬ್ಬರು ಮೆಲ್ಲಗೆ ಹೇಳಿದರು: ‘ಸರ್, ಬಂದರೆ ಬೇಡ ಎನ್ನುವವರಲ್ಲ ನಾವು. ಅವರು ಬರುವುದೇ ಇಲ್ಲ.’

ಜನವರಿ 27

ಏಕೆ ಬರುವುದಿಲ್ಲ ಎಂದು ನೋಡಲು ಮೂರು ಪಂಚಾಯಿತಿ ಸುತ್ತಿದೆವು. ದಾರಿ ತೋರಿಸಿದವರು ಪಂಚಾಯಿತಿಗಳಲ್ಲಿ ಅಂಗವಿಕಲರಿಗಾಗಿ ದುಡಿಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಪೋಲಿಯೊದಿಂದ ಕಾಲು ಸೊರಗಿದ ಒಬ್ಬರಂತೂ ತಮ್ಮ ಮೂರು ಚಕ್ರದ ಸ್ಕೂಟರಿನಲ್ಲಿ ನಮಗಿಂತ ಮೊದಲೇ ಪ್ರತಿ ಮನೆಯ ಮುಂದೆ ಹಾಜರಿರುತ್ತಿದ್ದರು. ಯಾವ ಮನೆಯಲ್ಲಿ ಯಾವ ಮಗು ಇದೆ ಎಂಬುದು ಅವರಿಗೆ ಬಾಯಿಪಾಠ. ಅದೇ ಊರಿನ ಗ್ರಂಥಾಲಯದವರಿಗೂ ಇವರಿಗೂ ಮಾತುಕತೆಯೇ ಇರಲಿಲ್ಲ. ಇಬ್ಬರೂ ಸಂಬಳದ ವಿಷಯಕ್ಕೆ ಒಂದೇ ಪಿಡಿಒ ಮುಂದೆ ನಿಲ್ಲುವವರು!

ಒಂದು ಮನೆಯ ತಾಯಿ ಹೂ ಕಟ್ಟುತ್ತ ಕೂತಿದ್ದರು. ಮಗನಿಗೆ ಹನ್ನೊಂದು ವರ್ಷ, ಸೆರೆಬ್ರಲ್ ಪಾಲ್ಸಿ; ಮೆದುಳಿನ ತೊಂದರೆಯಿಂದ ಕೈಕಾಲು ಹತೋಟಿಗೆ ಬಾರದ ಸ್ಥಿತಿ. ‘ಶಿಬಿರಕ್ಕೆ ಕಳಿಸಿ’ ಎಂದೆ. ದಾರದಿಂದ ಕಣ್ಣೆತ್ತದೆ ಅವರು ಹೇಳಿದರು: ‘ಹೋದ ವರ್ಷ ಕಳಿಸಿದ್ದೆ ಸ್ವಾಮಿ. ಹತ್ತು ದಿನ ಕುರ್ಚಿಯಲ್ಲಿ ಕೂತು ಬೇರೆ ಮಕ್ಕಳಿಗೆ ಚಪ್ಪಾಳೆ ತಟ್ಟಿದ. ಅದನ್ನು ಟಿವಿ ಮುಂದೆ ಇಲ್ಲಿಯೇ ತಟ್ಟುತ್ತಾನೆ ಬಿಡಿ.’

ಚಿಕ್ಕಂದಿನಲ್ಲಿ ನಾವು ತೀರ ಸಣ್ಣವರನ್ನು ಸೇರಿಸಿಕೊಳ್ಳುವಾಗ ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎನ್ನುತ್ತಿದ್ದೆವು. ಅವರು ಓಡಬಹುದು, ಕೂಗಬಹುದು. ಔಟ್ ಆಗುವುದಿಲ್ಲ, ಗೆಲ್ಲುವುದೂ ಇಲ್ಲ. ಈ ಹುಡುಗನನ್ನು ಆಟಕ್ಕೂ ಸೇರಿಸಿಕೊಂಡಿರಲಿಲ್ಲ. ನನ್ನ ಟಿಪ್ಪಣಿ ಪುಸ್ತಕದ ಮೊದಲ ಹಾಳೆಯಲ್ಲಿದ್ದ ಕಲಂಗಳನ್ನೆಲ್ಲ ಹೊಡೆದುಹಾಕಿ ಒಂದೇ ಪ್ರಶ್ನೆ ಬರೆದುಕೊಂಡೆ: ಈ ಮಗು ಔಟ್ ಆಗಬಲ್ಲುದೇ?

ಫೆಬ್ರವರಿ 15

ಎರಡನೇ ತರಗತಿ. ಈ ಸಲ ನಾನು ಬಾಯಿ ಬಿಡಲಿಲ್ಲ. ಗೆಳೆಯ ಚೀಲದಿಂದ ತನ್ನ ಅಜ್ಜಿಯ ಕಾಲದ ಅಳಗುಳಿ ಮಣೆ ತೆಗೆದು ಮೇಜಿನ ಮೇಲಿಟ್ಟ. ಎರಡು ಸಾಲು, ಸಾಲಿಗೆ ಏಳು ಗುಳಿ, ಒಂದು ಡಬ್ಬಿ ಹುಣಸೆಬೀಜ. ‘ಯಾರು ಬರುತ್ತೀರಿ?’ ಎಂದ.

ಮೊದಲು ಬಂದ ಯುವಕ ಸೌಜನ್ಯಕ್ಕೆ ಬೇಕೆಂದೇ ತಪ್ಪಾಡಲು ನೋಡಿದ. ಗೆಳೆಯ ಅವನ ಕೈ ಹಿಡಿದು ನಿಲ್ಲಿಸಿದ. ‘ಆ ಗುಳಿಯಲ್ಲಿ ಆರು ಇವೆ, ಐದು ಹಂಚಿ ಒಂದನ್ನು ಬೆರಳಲ್ಲಿ ಇಟ್ಟುಕೊಂಡಿದ್ದೀರಿ. ಬೀಜ ಬೀಳುವ ಸದ್ದು ಎಣಿಸುತ್ತಿದ್ದೇನೆ.’ ಸಭಾಂಗಣವೆಲ್ಲ ನಕ್ಕಿತು. ಆಮೇಲೆ ನಿಜವಾದ ಆಟ. ತೋರುಬೆರಳ ತುದಿಯಿಂದ ಹದಿನಾಲ್ಕು ಗುಳಿಯನ್ನೂ ಒಮ್ಮೆ ಸವರಿಕೊಂಡು ಹೋಗುತ್ತಾನೆ. ಒಂದು ಕ್ಷಣ ತಲೆ ವಾಲಿಸುತ್ತಾನೆ. ಆಮೇಲೆ ಟಕಟಕನೆ ಹಂಚುತ್ತಾನೆ. ಒಂದರ ಹಿಂದೆ ಒಂದರಂತೆ ನಾಲ್ಕು ಜನ ಸೋತರು. ಐದನೆಯವರು ಆ ಹಿರಿಯ ಮೇಲ್ವಿಚಾರಕಿ. ಸೆರಗು ಸಿಕ್ಕಿಸಿಕೊಂಡು ಕೂತರು, ಗೆದ್ದರು. ಗೆಳೆಯನಿಗೆ ಮುಖ ಸಣ್ಣದಾಯಿತು. ‘ಇನ್ನೊಂದು ಆಟ’ ಎಂದು ಹಟ ಹಿಡಿದ. ಯಾರೂ ‘ಪಾಪ’ ಎನ್ನಲಿಲ್ಲ.

ಅಳಗುಳಿ ಮಣೆಗೆ ಯಾವ ಮಾರ್ಪಾಡೂ ಬೇಕಿಲ್ಲ, ಅದು ಹುಟ್ಟಿನಿಂದಲೇ ಕೈಯಲ್ಲಿ ನೋಡುವ ಆಟ. ಚೌಕಾಬಾರಕ್ಕೆ ಬೇಕು. ಇಲ್ಲಿ ಪಾಠ ಶುರುವಾಯಿತು. ಬ್ರಿಟನ್ನಿನ ಕ್ರೀಡಾ ತರಬೇತುದಾರರಲ್ಲಿ ‘ಸ್ಟೆಪ್’ ಎಂಬ ಸೂತ್ರವಿದೆ. ಆಟವೊಂದನ್ನು ನಾಲ್ಕು ಕಡೆಯಿಂದ ಸಡಿಲಿಸಬಹುದು ಎನ್ನುತ್ತದೆ ಅದು: ಆಡುವ ಜಾಗ, ಆಡುವ ಬಗೆ, ಆಡುವ ಸಾಮಾನು, ಆಡುವ ಜನ. ಇದರ ಕೊನೆಗೆ ನಮ್ಮ ‘ಲೆಕ್ಕಕ್ಕುಂಟೇ?’ ಎಂಬುದನ್ನು ಸೇರಿಸಿದೆವು.

ಚೌಕಾಬಾರದ ಮೊದಲ ಮಾದರಿ: ರಟ್ಟಿನ ಮೇಲೆ ಗೋಣಿದಾರ ಅಂಟಿಸಿ ಇಪ್ಪತ್ತೈದು ಮನೆ, ಕಟ್ಟೆಮನೆಗಳಿಗೆ ಮರಳು ಕಾಗದ. ಸೋತಿತು. ಬೆರಳಾಡಿಸಿದರೆ ಕಾಯಿಗಳೆಲ್ಲ ಜರುಗುತ್ತವೆ. ಅಂಧರ ಚೆಸ್ ಹಲಗೆಯಲ್ಲಿ ಮನೆಗೊಂದು ತೂತು, ಕಾಯಿಗೆ ಅಡಿಯಲ್ಲಿ ಗೂಟ ಇರುತ್ತದೆ. ಕಪ್ಪು ಮನೆಗಳು ಕೊಂಚ ಎತ್ತರ. ಆ ಉಪಾಯ ಬೇಕೆಂದು ಗೊತ್ತಿತ್ತು, ಅಗ್ಗವಾಗಿ ಮಾಡುವುದು ಹೇಗೆಂದು ಗೊತ್ತಿರಲಿಲ್ಲ.

ಮಾರ್ಚ್ 2

ಮೇಲ್ವಿಚಾರಕರಲ್ಲೊಬ್ಬರು ತಾವೇ ಮಾಡಿ ತಂದರು. ಚಪ್ಪಲಿ ಹೊಲಿಯುವವರ ಬಳಿ ಹವಾಯಿ ಚಪ್ಪಲಿಯ ಅಟ್ಟೆ ಮಾಡುವ ರಬ್ಬರ್ ಹಾಳೆ ಸಿಗುತ್ತದೆ. ಒಂದೂವರೆ ಅಡಿ ಚೌಕ ಕತ್ತರಿಸಿ, ಪ್ರತಿ ಮನೆಯಲ್ಲೂ ನಾಲ್ಕು ತೂತು. ಕಾಯಿಗೆ ಖಾಲಿ ಬಾಲ್‌ಪೆನ್ನಿನ ಮುಚ್ಚಳ: ಒಬ್ಬರದು ಬರಿ ಮುಚ್ಚಳ, ಇನ್ನೊಬ್ಬರದಕ್ಕೆ ದಾರ ಸುತ್ತಿದೆ, ಮೂರನೆಯದಕ್ಕೆ ರಬ್ಬರ್ ಬ್ಯಾಂಡ್, ನಾಲ್ಕನೆಯದರ ತುದಿ ಕತ್ತರಿಸಿದೆ. ಕವಡೆ ಹಾಕುವುದು ಸ್ಟೀಲ್ ತಟ್ಟೆಗೆ. ಉರುಳಿ ಹೋಗುವುದಿಲ್ಲ, ಸದ್ದೂ ಬರುತ್ತದೆ. ಮುಟ್ಟಿ ನೋಡುವಾಗ ಕವಡೆ ಮಗುಚಿತು ಎಂಬ ತಕರಾರಿಗೆ ಮಾತ್ರ ಇನ್ನೂ ಪರಿಹಾರವಿಲ್ಲ. ಸದ್ಯಕ್ಕೆ ಎದುರಾಳಿ ಗಟ್ಟಿಯಾಗಿ ‘ಚೌಕ’, ‘ಬಾರ’ ಎಂದು ಕೂಗಬೇಕು, ನಂಬಿಕೆಯಿಲ್ಲದವರು ಮುಟ್ಟಬಹುದು. ಗೆಳೆಯ ಪ್ರತಿ ಸಲ ಮುಟ್ಟುತ್ತಾನೆ.

ತರಗತಿಯಲ್ಲಿ ಒಬ್ಬರು ಕೇಳಿದರು: ‘ಒಬ್ಬರಿಗಾಗಿ ನಿಯಮ ಬದಲಿಸಿದರೆ ಪಕ್ಷಪಾತ ಆಗುವುದಿಲ್ಲವೇ?’ ನ್ಯಾಯವಾದ ಪ್ರಶ್ನೆ. ಅಂಧರ ಕ್ರಿಕೆಟ್‌ನ ನಿಯಮ ಹೇಳಿದೆ. ಚೆಂಡಿನೊಳಗೆ ಬೇರಿಂಗ್ ಗುಂಡುಗಳು ಗಿಲಗಿಲ ಎನ್ನುತ್ತವೆ, ಬೌಲಿಂಗ್ ಕೈ ಕೆಳಗಿನಿಂದ, ಹನ್ನೊಂದರಲ್ಲಿ ಕನಿಷ್ಠ ನಾಲ್ವರು ಪೂರ್ತಿ ಕಾಣದವರು ಇರಬೇಕು, ಅವರು ಹೊಡೆದ ಪ್ರತಿ ರನ್ ಎರಡಾಗಿ ಲೆಕ್ಕಕ್ಕೆ ಬರುತ್ತದೆ. 2012ರಲ್ಲಿ ಬೆಂಗಳೂರಿನಲ್ಲಿ ಟಿ20 ವಿಶ್ವಕಪ್ ನಡೆದು ಭಾರತ ಗೆದ್ದಾಗ ನಾಯಕನಾಗಿದ್ದವರು ನಮ್ಮವರೇ, ಶೇಖರ್ ನಾಯ್ಕ. ಆ ಕಪ್ಪನ್ನು ಯಾರೂ ಪಕ್ಷಪಾತದ್ದು ಎನ್ನಲಿಲ್ಲ. ಗಲ್ಲಿ ಕ್ರಿಕೆಟ್‌ನಲ್ಲಿ ಎದುರುಮನೆ ಕಾಂಪೌಂಡಿಗೆ ಬಿದ್ದರೆ ಔಟ್ ಎಂದು ನಿಯಮ ಮಾಡಿದವರಿಗೆ ನಿಯಮ ಬದಲಿಸುವುದನ್ನು ನಾನೇನು ಕಲಿಸುವುದು?

ಮಾರ್ಚ್ 16

ಪಟ್ಟಣದ ಈಜುಕೊಳವೊಂದರ ಜೀವರಕ್ಷಕರು ತಮಗೂ ಹೇಳಿಕೊಡಿ ಎಂದು ಕರೆದಿದ್ದರು. ಆರು ಜನ. ಅವರದು ಕನಿಕರವಲ್ಲ, ಭಯ. ‘ಏನಾದರೂ ಆದರೆ ನಮ್ಮ ತಲೆಗೆ ಬರುತ್ತದೆ ಸರ್.’ ಈ ಭಯಕ್ಕೆ ಉಪದೇಶದಿಂದ ಉಪಯೋಗವಿಲ್ಲ, ವಿವರ ಬೇಕು. ಕಿವಿ ಕೇಳದ ಮಗು ನೀರಿಗಿಳಿಯುವ ಮುನ್ನ ಶ್ರವಣ ಸಾಧನ ತೆಗೆದಿಡುತ್ತದೆ, ಆಮೇಲೆ ನಿಮ್ಮ ಸೀಟಿ ಅದಕ್ಕೆ ಇಲ್ಲ. ಕೈಸನ್ನೆಯನ್ನು ದಡದಲ್ಲೇ ಗೊತ್ತು ಮಾಡಿಕೊಳ್ಳಿ. ಮೂರ್ಛೆ ರೋಗವಿದ್ದರೆ ವೈದ್ಯರ ಒಪ್ಪಿಗೆ, ಜೊತೆಗೆ ಆ ಮಗುವನ್ನಷ್ಟೇ ನೋಡಲು ಒಬ್ಬರು. ಡೌನ್ ಸಿಂಡ್ರೋಮ್ ಇರುವ ಕೆಲವರಲ್ಲಿ ಕತ್ತಿನ ಮೇಲಿನ ಎರಡು ಮೂಳೆಗಳ ಕೀಲು ಸಡಿಲವಾಗಿರುತ್ತದೆ. ವೈದ್ಯರು ನೋಡಿ ಹೇಳುವ ತನಕ ತಲೆ ಮುಂದಾಗಿ ಧುಮುಕುವುದು ಬೇಡ, ಈಜಲು ಅಡ್ಡಿಯಿಲ್ಲ. ಮತ್ತೆ, ‘ಇವನಿಗೆ ಏನಾಗಿದೆ?’ ಎಂದು ತಾಯಿಯನ್ನು ಕೇಳಬೇಡಿ. ‘ನಾನು ಹೇಗೆ ಹಿಡಿದರೆ ಸರಿ?’ ಎಂದು ಅವನನ್ನೇ ಕೇಳಿ. ಇದನ್ನು ಎರಡೆರಡು ಸಲ ಅಭಿನಯ ಮಾಡಿಸಿದೆವು. ದೊಡ್ಡ ಮೀಸೆಯ ಜೀವರಕ್ಷಕರೊಬ್ಬರು ನಾಚಿಕೊಂಡೇ ಚೆನ್ನಾಗಿ ಮಾಡಿದರು.

ಕಟ್ಟಡದ ಕಥೆ ಬೇರೆ. ‘ನಮ್ಮಲ್ಲಿ ರ‍್ಯಾಂಪ್ ಇದೆ’ ಎಂದು ಹೆಮ್ಮೆಯಿಂದ ತೋರಿಸಿದರು. ಟೇಪು ಹಿಡಿದೆ: ಎತ್ತರ 45 ಸೆಂಟಿಮೀಟರ್, ಉದ್ದ 1.8 ಮೀಟರ್. ಒಂದಡಿ ಏರಲು ಹನ್ನೆರಡು ಅಡಿ ಉದ್ದ ಎಂಬುದು ಲೆಕ್ಕ. ಇಲ್ಲಿ 5.4 ಮೀಟರ್ ಬೇಕಿತ್ತು. ಗೆಳೆಯ ಕಾಲಿನಿಂದ ಇಳಿಜಾರು ಸವರಿ ‘ಮಕ್ಕಳಿಗೆ ಜಾರುಬಂಡೆ ಕಟ್ಟಿದ್ದೀರಿ, ಸಂತೋಷ’ ಎಂದ. ಬಟ್ಟೆ ಬದಲಿಸುವ ಕೋಣೆಯ ಬಾಗಿಲು 66 ಸೆಂಟಿಮೀಟರ್. 90 ಇದ್ದರೆ ಗಾಲಿಕುರ್ಚಿ ಸಲೀಸಾಗಿ ಹೋಗುತ್ತದೆ. ಪತ್ರ ಕೊಟ್ಟು ಬಂದಿದ್ದೇವೆ.

ಏಪ್ರಿಲ್ 5

ಬೆಂಗಳೂರಿಗೆ ಮದುವೆಗೆ ಹೋದವರು ಕೋಲ್ಸ್ ಪಾರ್ಕಿಗೂ ಹೋಗಿ ಬಂದೆವು. ವಿಶೇಷ ಮಕ್ಕಳ ಪೋಷಕರೇ ಕಟ್ಟಿದ ಕಿಲಿಕಿಲಿ ಸಂಸ್ಥೆ ನಗರ ಪಾಲಿಕೆಯ ಜೊತೆ ಸೇರಿ ಎಲ್ಲ ಮಕ್ಕಳೂ ಒಟ್ಟಿಗೆ ಆಡುವಂಥ ಜಾಗ ರೂಪಿಸಿದ್ದು ಅಲ್ಲಿ. ನನಗೆ ಬೇಕಾದ ಪಾಠ ‘ಒಟ್ಟಿಗೆ’ ಎಂಬುದರಲ್ಲಿದೆ. ನಮ್ಮ ಪಂಚಾಯಿತಿಯೊಂದು ಅಂಗವಿಕಲರಿಗೆಂದು ಮೀಸಲಾದ ಶೇ 5ರ ಹಣದಲ್ಲಿ ಬೇರೆಯೇ ಕೋಣೆ ಕಟ್ಟುವ ಯೋಚನೆಯಲ್ಲಿದೆ. ಬೇಡವೆಂದು ಹೇಳಬೇಕು, ಮನಸ್ಸು ನೋಯದ ಹಾಗೆ.

ಏಪ್ರಿಲ್ 29

ಶಿಬಿರಗಳು ಶುರುವಾಗಿ ಒಂದು ವಾರ. ತರಬೇತಿ ಪಡೆದ ಇಪ್ಪತ್ಮೂರರಲ್ಲಿ ಹದಿನಾಲ್ಕು ಕಡೆ ಅಂಗವಿಕಲ ಮಕ್ಕಳು ಬಂದಿದ್ದಾರೆ. ಒಂಬತ್ತು ಕಡೆ ಇಲ್ಲ. ಬಂದ ಕಡೆಗಳಲ್ಲೂ ಮೂರರಲ್ಲಿ ಮೂಲೆಯ ಕುರ್ಚಿ ಮರಳಿದೆ. ನಾನು ಹೋದಾಗ ಗಡಿಬಿಡಿಯಿಂದ ಎಬ್ಬಿಸಿದರು, ಅದು ಇನ್ನೂ ಬೇಸರ.

ಒಂದೂರಿನಲ್ಲಿ ಆಟಿಸಂ ಇರುವ ಹುಡುಗ ಎರಡು ದಿನ ಸೀಟಿ ಕೇಳಿದೊಡನೆ ಕಿವಿ ಮುಚ್ಚಿಕೊಂಡು ಮನೆಗೆ ಓಡಿದ್ದ. ಮೂರನೇ ದಿನ ಮೇಲ್ವಿಚಾರಕಿ ಸೀಟಿಯನ್ನು ಬೀರುವಿಗೆ ಹಾಕಿ ಬೀಗ ಹಾಕಿದರು. ಆಟ ನಿಲ್ಲಿಸಲು ಹಸಿರು ಟವೆಲ್ ಎತ್ತುತ್ತಾರೆ. ಗೋಡೆಗೆ ಆ ದಿನದ ಚಿತ್ರಸರಣಿ ಅಂಟಿಸಿದ್ದಾರೆ: ಕಥೆ, ಆಟ, ಮಜ್ಜಿಗೆ, ಚಿತ್ರ, ಮನೆ. ಮುಗಿದದ್ದನ್ನು ಆ ಹುಡುಗನೇ ಕಿತ್ತು ಡಬ್ಬಿಗೆ ಹಾಕುತ್ತಾನೆ. ಟವೆಲ್ಲಿನಿಂದ ಕಿವಿ ಕೇಳದ ಹುಡುಗಿಯೊಬ್ಬಳಿಗೂ ಅನುಕೂಲವಾಗಿದೆ. ಇದಾವುದನ್ನೂ ನಾನು ಹೇಳಿಕೊಟ್ಟಿದ್ದಲ್ಲ.

ಮೇ 13

ಹೂ ಕಟ್ಟುವ ತಾಯಿಯ ಮಗ ಬಂದಿದ್ದಾನೆ. ಪುನರ್ವಸತಿ ಕಾರ್ಯಕರ್ತರು ಸ್ಕೂಟರಿನಲ್ಲಿ ಕರೆತರುತ್ತಾರೆ.

ಲಗೋರಿ ನಡೆದಿತ್ತು. ಬಿಲ್ಲೆಗಳನ್ನು ನೆಲದ ಬದಲು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಪೇರಿಸಿದ್ದರು, ಗಾಲಿಕುರ್ಚಿಯಲ್ಲಿ ಕೂತವನ ಕೈಗೆ ಎಟಕುವಂತೆ. ಕುರ್ಚಿ ತಳ್ಳಲು ಒಬ್ಬ ಜೊತೆಗಾರ. ಜೊತೆಗಾರನಿಗೆ ಚೆಂಡು ತಗುಲಿದರೂ ಇಬ್ಬರೂ ಔಟ್. ಈ ನಿಯಮ ಮಕ್ಕಳದೇ. ಏಳು ಬಿಲ್ಲೆಯಲ್ಲಿ ಐದನ್ನು ಅವನು ನಡುಗುವ ಕೈಯಿಂದಲೇ ಪೇರಿಸಿದ. ಆರನೆಯದು ಇಡುವಾಗ ಚೆಂಡು ಬಂದು ಕುರ್ಚಿಯ ಚಕ್ರಕ್ಕೆ ಬಡಿಯಿತು. ಎದುರಿನವರು ‘ಔಟ್!’ ಎಂದು ಕುಣಿದರು.

ಅವನ ಮಾತು ಎಳೆದೆಳೆದು ಬರುತ್ತದೆ. ಎಲ್ಲರೂ ಕಾಯಬೇಕಾಯಿತು. ‘ಚ...ಕ್ರ... ನಾನಲ್ಲ. ಔಟಿಲ್ಲ.’ ಚಕ್ರ ಅವನ ಮೈಯೇ, ಹಾಗಾಗಿ ಔಟ್ ಎಂದು ಒಂದು ಗುಂಪು. ಚಕ್ರ ಚಪ್ಪಲಿಯಿದ್ದ ಹಾಗೆ ಎಂದು ಇನ್ನೊಂದು. ‘ಚಪ್ಪಲಿಗೆ ತಗುಲಿದರೂ ಔಟೇ ಕಣೋ’ ಎಂದು ಮತ್ತೊಬ್ಬ. ಮೇಲ್ವಿಚಾರಕರು ನನ್ನ ಮುಖ ನೋಡಿದರು. ಮೂವತ್ತೊಂದು ವರ್ಷ ತೀರ್ಪು ಕೊಟ್ಟವನು ನಾನು. ನನಗೂ ಗೊತ್ತಾಗಲಿಲ್ಲ. ಮಜ್ಜಿಗೆ ಹೊತ್ತಾದರೂ ಜಗಳ ಮುಗಿಯಲಿಲ್ಲ. ಅವನು ಸ್ಟೂಲು ಬಿಟ್ಟು ಜರುಗಲಿಲ್ಲ.

ಮುಂದಿನ ಸಭೆ ಜೂನ್ 14ಕ್ಕೆ. ಬಾರದ ಒಂಬತ್ತು ಊರುಗಳಿಗೆ ಅದರೊಳಗೆ ಹೋಗಿ ಬರಬೇಕು. ಈಜುಕೊಳದ ಪತ್ರಕ್ಕೆ ಉತ್ತರ ಬಂದಿಲ್ಲ. ಚಪ್ಪಲಿ ಅಂಗಡಿಗೆ ಇನ್ನೂ ಆರು ರಬ್ಬರ್ ಹಾಳೆ ಹೇಳಿ ಬಂದಿದ್ದೇನೆ.