ನಕ್ಷೆಯಲ್ಲಿ ಇಲ್ಲದ ಮಹಡಿ

ಬ್ಯಾಂಕಿನಿಂದ ಬಂದ ಇಂಜಿನಿಯರ್ ಗೇಟಿನ ಹೊರಗೇ ನಿಂತು ನಮ್ಮ ಮನೆಯನ್ನು ಒಮ್ಮೆ ನೋಡಿದರು. ಕೈಯಲ್ಲಿದ್ದ ನಕ್ಷೆ ನೋಡಿದರು. ಮತ್ತೆ ಮನೆ ನೋಡಿದರು. "ಇದರಲ್ಲಿ ಬರೀ ನೆಲಮಹಡಿ ಇದೆ ಅಲ್ವಾ?" ಅಂದರು. ಹೌದು ಅಂದೆ. "ಮೇಲಿನದಕ್ಕೆ ಪ್ಲಾನ್ ಎಲ್ಲಿ?" ಅಂತ ಕೇಳಿದರು. ಮೇಲಿನದಕ್ಕೆ ಪ್ಲಾನ್ ಇರಲಿಲ್ಲ. ಅದನ್ನು ಕಟ್ಟಿದ 2009ರಿಂದಲೂ ಇರಲಿಲ್ಲ.

ಇದು 2023ರ ಮಾತು. ಸಾಲ ಸಿಗಲಿಲ್ಲ. ಅಲ್ಲಿಂದ ಶುರುವಾದ ಓಡಾಟ ಮೊನ್ನೆ ಮೊನ್ನೆ ಒಂದು ಹಂತಕ್ಕೆ ಬಂದಿದೆ. ಇದನ್ನು ಬರೆಯಬೇಕು ಅಂತ ಅನ್ನಿಸಿದ್ದು ಬೇರೆ ಕಾರಣಕ್ಕೆ. ಕಳೆದ ವಾರ ನನ್ನ ಚಿಕ್ಕಮ್ಮನ ಮಗ ಫೋನ್ ಮಾಡಿದ್ದ. ಮನೆ ಮೇಲೆ ಎರಡು ರೂಮು ಹಾಕಿಸ್ತಾನಂತೆ. ಪ್ಲಾನ್ ಮಾಡಿಸಿದ್ಯಾ ಅಂತ ಕೇಳಿದೆ. "ಮೊದಲು ಕಟ್ಟಿಬಿಡ್ತೀನಿ ಅಕ್ಕ, ಆಮೇಲೆ ದಂಡ ಕಟ್ಟಿದರಾಯ್ತು" ಅಂದ. ಅದೇ ಮಾತು. ಅಕ್ಷರಶಃ ಅದೇ ಮಾತನ್ನು ನಮ್ಮ ಮೇಸ್ತ್ರಿ ಅಪ್ಪನಿಗೆ ಹೇಳಿದ್ದರು.

ಅಪ್ಪ ಕಾನೂನಿಗೆ ಬೆನ್ನು ಹಾಕುವ ಮನುಷ್ಯ ಅಲ್ಲ. ಕರೆಂಟ್ ಬಿಲ್ ಬಂದ ಮಾರನೇ ದಿನವೇ ಕಟ್ಟುತ್ತಿದ್ದರು. ಆದರೆ ಅಣ್ಣನ ಮದುವೆ ನಿಶ್ಚಯವಾಗಿತ್ತು, ಕೆಳಗೆ ಇದ್ದದ್ದು ಎರಡೇ ರೂಮು, ನಕ್ಷೆ ಮಂಜೂರಾಗೋಕೆ ತಿಂಗಳುಗಟ್ಟಲೆ ಬೇಕು ಅಂತ ಎಲ್ಲರೂ ಹೇಳಿದರು. ಎಂಟು ತಿಂಗಳಲ್ಲಿ ಮದುವೆ. ಅಪ್ಪ ಒಂದು ವಾರ ಯೋಚನೆ ಮಾಡಿದರು. ಆಮೇಲೆ ಮರಳು, ಜಲ್ಲಿ ಬಂದು ಬಿತ್ತು. ಕಟ್ಟುವಾಗ ಮೇಸ್ತ್ರಿ ಇನ್ನೊಂದು ಸಲಹೆ ಕೊಟ್ಟರು. ಎಡಗಡೆ ಸ್ಲ್ಯಾಬ್ ಅನ್ನು ಎರಡೂವರೆ ಅಡಿ ಹೊರಗೆ ಚಾಚಿದರೆ ರೂಮು ದೊಡ್ಡದಾಗುತ್ತೆ ಅಂತ. ಅಪ್ಪ ಒಪ್ಪಿದರು. ಆ ಎರಡೂವರೆ ಅಡಿಯ ಕಥೆಯೇ ಈ ಬರಹದ ಮುಖ್ಯ ಭಾಗ.

ಅಪ್ಪ ಈಗಿಲ್ಲ. ಕಟ್ಟಿದ್ದನ್ನು ಸಕ್ರಮ ಮಾಡಿಕೊಡಿ ಅಂತ ಅರ್ಜಿ ಹಾಕುವ ಕೆಲಸ ನನ್ನ ಪಾಲಿಗೆ ಬಂತು.

ಮೊದಲು ಬೇಕಾಗಿದ್ದು ಮನೆ ಈಗ ಹೇಗಿದೆಯೋ ಹಾಗೇ ಬರೆದ ನಕ್ಷೆ. ಇದಕ್ಕಾಗಿ ಒಬ್ಬ ಇಂಜಿನಿಯರ್ ಮೇಡಂ ಸಿಕ್ಕರು. ಮೂರು ದಿನ ಬಂದರು. ಗೋಡೆ ದಪ್ಪ, ಕಿಟಕಿ ಅಗಲ, ಮೆಟ್ಟಿಲಿನ ಎತ್ತರ, ಮಹಡಿಯ ಅಂಚಿನ ಗೋಡೆ ಎಷ್ಟು ಎತ್ತರ, ಎಲ್ಲ ಅಳೆದರು. ನಾನು ಟೇಪಿನ ಇನ್ನೊಂದು ತುದಿ ಹಿಡಿದುಕೊಂಡಿದ್ದೆ. ಹುಟ್ಟಿದಾಗಿನಿಂದ ಇದ್ದ ಮನೆ. ಆದರೂ ಮೇಲಿನ ಬಚ್ಚಲಿಗೆ ಹೊರಗಿನ ಗಾಳಿ ಬರುವ ದಾರಿಯೇ ಇಲ್ಲ ಅನ್ನೋದು ನನಗೆ ಆವತ್ತು ಗೊತ್ತಾಯಿತು. ಕಾಗದದ ಮೇಲೆ ಬರೆಯುವಾಗ ಕಿಟಕಿ ಅಂದ್ರೆ ಎರಡು ಗೆರೆ. ಕಟ್ಟಿದ ಮೇಲೆ ಅದೇ ಕಿಟಕಿಗೆ ಗೋಡೆ ಒಡೆಯಬೇಕು, ಮೇಲೆ ಭಾರ ಹೊರುವ ಅಡ್ಡ ತೊಲೆ, ಅಂದ್ರೆ ಲಿಂಟಲ್ ಕೂರಿಸಬೇಕು, ಪೈಪು ಬದಲಿಸಬೇಕು.

ಆಮೇಲೆ ಬಂತು ಭಾರದ ಪ್ರಶ್ನೆ. ಕೆಳಗಿನ ಮನೆ 1988ರದು. ಆಗ ಪಾಯ ಹಾಕಿದ್ದು ಒಂದೇ ಮಹಡಿಗೆ. ಮೇಲೆ ಇನ್ನೊಂದು ಹೊರುತ್ತಾ ಅಂತ ಅಪ್ಪ ಕೇಳಿದಾಗ ಮೇಸ್ತ್ರಿ ಕಂಬ ತಟ್ಟಿ "ಆರಾಮಾಗಿ ಹೊರುತ್ತೆ" ಅಂದಿದ್ದರು. ಮೇಡಂ ಕಂಬ ತಟ್ಟಿ ಉತ್ತರ ಹೇಳಲಿಲ್ಲ. ಎರಡು ಕಡೆ ನೆಲ ಅಗೆಸಿದರು, ಫೂಟಿಂಗ್, ಅಂದ್ರೆ ಕಂಬದ ಬುಡದ ಅಗಲವಾದ ಪಾದ, ಕಣ್ಣಿಗೆ ಕಾಣುವವರೆಗೆ. ಕಂಬದೊಳಗೆ ಕಂಬಿ ಎಲ್ಲೆಲ್ಲಿ ಇದೆ ಅಂತ ಒಂದು ಯಂತ್ರ ಆಡಿಸಿ ಗುರುತು ಹಾಕಿದರು. ಇನ್ನೊಂದು ಚಿಕ್ಕ ಸುತ್ತಿಗೆಯಂಥದ್ದು. ಅದನ್ನು ಕಾಂಕ್ರೀಟಿಗೆ ಒತ್ತಿದರೆ ಒಳಗಿನ ಸ್ಪ್ರಿಂಗ್ ಬಡಿದು ವಾಪಸ್ ಚಿಮ್ಮುತ್ತೆ. ಎಷ್ಟು ಚಿಮ್ಮಿತು ಅನ್ನೋದರ ಮೇಲೆ ಕಾಂಕ್ರೀಟ್ ಎಷ್ಟು ಗಟ್ಟಿ ಅಂತ ಅಂದಾಜು. ಸ್ವಿಟ್ಜರ್ಲೆಂಡಿನ ಅರ್ನ್ಸ್ಟ್ ಶ್ಮಿಟ್ ಅನ್ನುವ ಇಂಜಿನಿಯರ್ ಕಂಡುಹಿಡಿದದ್ದಂತೆ. ಆದರೆ ಅದು ಹೇಳೋದು ಮೇಲ್ಮೈ ಬಗ್ಗೆ ಮಾತ್ರ. ಒಳಗಿನದು ಗೊತ್ತಾಗಬೇಕಾದರೆ ಕಾಂಕ್ರೀಟಿನಿಂದ ಒಂದು ಉರುಳೆ ಕೊರೆದು ತೆಗೆದು, ಪ್ರಯೋಗಾಲಯದಲ್ಲಿ ಅದು ಪುಡಿಯಾಗುವವರೆಗೆ ಒತ್ತಿ ನೋಡಬೇಕು. ಅದನ್ನೂ ಮಾಡಿಸಿದೆವು.

ನನಗೆ ಬಹಳ ಬೇಜಾರಾಗಿದ್ದು ಇಲ್ಲಿ. ಮೇಲಿನ ಮಹಡಿಗಾದರೂ ಇದೆಲ್ಲ 2009ರಲ್ಲಿ ಬೇಕಿರಲೇ ಇಲ್ಲ. ಕಾಂಕ್ರೀಟ್ ಸುರಿಯುವ ಹಿಂದಿನ ದಿನ ಕಂಬಿಗಳೆಲ್ಲ ಬಯಲಲ್ಲೇ ಇದ್ದವು. ಬಲ್ಲವರೊಬ್ಬರು ಬಂದು ಹತ್ತು ನಿಮಿಷ ನೋಡಿದ್ದರೆ ಸಾಕಿತ್ತು. ಒಮ್ಮೆ ಸುರಿದ ಮೇಲೆ ಎಲ್ಲವೂ ಊಹೆ. ಕೊರೆದು, ಅಗೆದು, ಬಡಿದು ಮಾಡುವ ಊಹೆ.

ಲೆಕ್ಕ ಹಾಕಿದಾಗ ಎರಡು ಕಂಬ ಸೋತಿದ್ದವು. ಮೆಟ್ಟಿಲಿನ ಪಕ್ಕದವು. ಅವುಗಳ ಮೇಲೇ 2,000 ಲೀಟರಿನ ನೀರಿನ ಟ್ಯಾಂಕು. ಲೀಟರಿಗೆ ಒಂದು ಕೆಜಿ. ಎರಡು ಟನ್ ತೂಕವನ್ನು ಹದಿನಾಲ್ಕು ವರ್ಷ ಅಮ್ಮನ ಮಂಚದ ನೇರ ಮೇಲೆ ಇಟ್ಟುಕೊಂಡಿದ್ದೆವು. ಟ್ಯಾಂಕನ್ನು ಆವತ್ತೇ ಖಾಲಿ ಮಾಡಿಸಿದೆ. ಕಂಬಗಳಿಗೆ ಜಾಕೆಟ್ ಹಾಕಬೇಕಾಯಿತು. ಅಂದ್ರೆ ಹಳೇ ಕಂಬದ ಸುತ್ತ ಹೊಸ ಕಂಬಿ ಕಟ್ಟಿ, ನಾಲ್ಕೂ ಕಡೆ ನಾಲ್ಕು ಇಂಚು ಕಾಂಕ್ರೀಟ್ ತುಂಬುವುದು. 9 ಇಂಚಿನ ಕಂಬ 17 ಇಂಚಾಯಿತು. ಬುಡದಲ್ಲಿ ಫೂಟಿಂಗನ್ನೂ ಅಗಲ ಮಾಡಿದರು. ಅಮ್ಮನ ರೂಮಿನ ಬಾಗಿಲು ಪೂರ್ತಿ ತೆರೆಯುವುದಿಲ್ಲ ಈಗ. ಕಂಬಕ್ಕೆ ತಾಗುತ್ತೆ.

ಆ ದಿನಗಳಲ್ಲಿ ಟರ್ಕಿಯ ಸುದ್ದಿ ತುಂಬಾ ಓದುತ್ತಿದ್ದೆ. ಅಲ್ಲಿ 2018ರಲ್ಲಿ ಸರ್ಕಾರ ಅನುಮತಿ ಇಲ್ಲದೆ ಕಟ್ಟಿದವರಿಗೆ ಒಂದು ಅವಕಾಶ ಕೊಟ್ಟಿತ್ತು. 2017ರ ಕೊನೆಯೊಳಗೆ ಕಟ್ಟಿದ್ದರೆ ಸಾಕು, ಮಾಲೀಕರು ತಾವೇ ವಿವರ ಬರೆದುಕೊಟ್ಟು ಹಣ ಕಟ್ಟಿದರೆ ದಾಖಲೆ ಸಿಗುತ್ತಿತ್ತು. ಕಟ್ಟಡ ಭೂಕಂಪ ತಡೆಯುತ್ತಾ ಅನ್ನೋ ಹೊಣೆ ಮಾಲೀಕರದೇ. ಯಾರೂ ಬಂದು ಕಂಬ ಪರೀಕ್ಷೆ ಮಾಡಬೇಕಿರಲಿಲ್ಲ. 2023ರ ಫೆಬ್ರವರಿ 6ರಂದು 7.8 ಪ್ರಮಾಣದ ಭೂಕಂಪ ಆಯಿತು. ಟರ್ಕಿಯೊಂದರಲ್ಲೇ 50,000ಕ್ಕೂ ಹೆಚ್ಚು ಜನ ಸತ್ತರು. ಬಿದ್ದ ಮನೆಗಳೆಲ್ಲ ಹೀಗೆ ಸಕ್ರಮ ಆದವೇ ಅಂತ ನಾನು ಹೇಳ್ತಿಲ್ಲ. ಪ್ಲಾನ್ ಇದ್ದವೂ ಬಿದ್ದಿವೆ. ಆದರೆ ಹಣ ಕಟ್ಟಿಸಿಕೊಂಡು ಕಾಗದ ಕೊಟ್ಟರೆ ಕಂಬದೊಳಗೆ ಒಂದು ಕಂಬಿಯೂ ಜಾಸ್ತಿ ಆಗುವುದಿಲ್ಲ. ನಮ್ಮ ಅರ್ಜಿಯ ಜೊತೆ ಕಟ್ಟಡ ಗಟ್ಟಿ ಇದೆ ಅನ್ನುವ ಪ್ರಮಾಣಪತ್ರ ಕೇಳಿದಾಗ ಅಣ್ಣ ಗೊಣಗಿದ. ನನಗೆ ಅದನ್ನು ಕೇಳಿದ್ದೇ ಒಳ್ಳೆಯದಾಯಿತು ಅನ್ನಿಸಿತು.

ಅಣ್ಣನ ವಾದ ಬೇರೆ. "ಇಷ್ಟು ವರ್ಷ ಯಾರೂ ಕೇಳಲಿಲ್ಲ, ಇನ್ನೇನು ಕೇಳ್ತಾರೆ?" ಅಂತ. ತುಂಬಾ ಜನ ಹೀಗೇ ನಂಬಿದ್ದಾರೆ. ಇಂಗ್ಲೆಂಡಿನ ಸರ್ರೆಯಲ್ಲಿ ಒಬ್ಬ ರೈತ ಹುಲ್ಲಿನ ಪಿಂಡಿಗಳನ್ನು ಎತ್ತರಕ್ಕೆ ಒಟ್ಟಿ ಅದರ ಹಿಂದೆ ಕೋಟೆಯಂಥ ಮನೆ ಕಟ್ಟಿ, 2002ರಿಂದ 2006ರವರೆಗೆ ಸದ್ದಿಲ್ಲದೆ ಸಂಸಾರ ಸಮೇತ ಇದ್ದ. ನಾಲ್ಕು ವರ್ಷ ಕಳೆದರೆ ಕ್ರಮ ತೆಗೆದುಕೊಳ್ಳುವಂತಿಲ್ಲ ಅನ್ನುವ ನಿಯಮ ಆಗ ಅಲ್ಲಿತ್ತು. ಬಚ್ಚಿಟ್ಟ ಕಾಲ ಲೆಕ್ಕಕ್ಕೆ ಬರಲಿಲ್ಲ. ವರ್ಷಗಟ್ಟಲೆ ಕೋರ್ಟು ಅಲೆದು, 2016ರಲ್ಲಿ ತಾನೇ ಅದನ್ನು ಕೆಡವಬೇಕಾಯಿತು. ಈಗ ಅಲ್ಲಿ ಆ ನಾಲ್ಕು ವರ್ಷವನ್ನು 10 ವರ್ಷಕ್ಕೆ ಏರಿಸಿದ್ದಾರೆ. ನಮ್ಮ ಸುಪ್ರೀಂ ಕೋರ್ಟ್ ಕೂಡ 2024ರ ಡಿಸೆಂಬರ್ 17ರ ತೀರ್ಪಿನಲ್ಲಿ ನೇರವಾಗಿ ಹೇಳಿದೆ. ಬಹಳ ಕಾಲ ಆಯಿತು, ಬಹಳ ಹಣ ಹಾಕಿದೆವು ಅನ್ನುವ ಕಾರಣಕ್ಕೆ ಅಕ್ರಮ ಕಟ್ಟಡ ಸಕ್ರಮ ಆಗುವುದಿಲ್ಲ ಅಂತ. ಆ ತೀರ್ಪು ಬಂದ ದಿನ ನಮ್ಮ ಅರ್ಜಿ ಇನ್ನೂ ಕಚೇರಿಯ ಮೇಜಿನ ಮೇಲಿತ್ತು. ರಾತ್ರಿ ನಿದ್ದೆ ಬರಲಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಬೇರೆ ದಾರಿಯೇ ಇಲ್ಲದೆ ಕಟ್ಟಿಕೊಂಡವರು ಇದ್ದಾರೆ. ಜಾಗದ ಕಾಗದವೇ ಇಲ್ಲದವರು ಯಾರ ಹತ್ತಿರ ಹೋಗಿ ಪ್ಲಾನ್ ಕೇಳೋದು? ಪೆರು ದೇಶದಲ್ಲಿ 1996ರ ನಂತರ ಅಂಥ ನಗರವಾಸಿಗಳಿಗೆ 10 ಲಕ್ಷಕ್ಕೂ ಹೆಚ್ಚು ಹಕ್ಕುಪತ್ರ ಕೊಟ್ಟರು. ಅದು ನ್ಯಾಯ. ಅವರನ್ನೂ ನಮ್ಮನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು. ನಮಗೆ ಜಾಗದ ಕಾಗದ ಇತ್ತು, ಕೇಳುವ ದಾರಿ ಇತ್ತು. ನಾವು ಕೇಳಲಿಲ್ಲ, ಅಷ್ಟೇ.

ಈಗ ಆ ಎರಡೂವರೆ ಅಡಿ.

ಎಡಗಡೆ ಮನೆ ಟೀಚರದು. ನನಗೆ ಮೂರನೇ ಕ್ಲಾಸಿಗೆ ಪಾಠ ಮಾಡಿದವರು. ಈಗ ಎಂಬತ್ತು ದಾಟಿದೆ. ಅವರ ಮನೆ ನಮಗಿಂತ ಹಳೆಯದು, 1984ರದು. ಹಳೇ ನಕ್ಷೆ ಪ್ರಕಾರ ನಾವು ಆ ಕಡೆ ಐದು ಅಡಿ ಬಿಡಬೇಕು. ಕೆಳಗೆ ಬಿಟ್ಟಿದ್ದೇವೆ. ಮೇಲೆ ಅರ್ಧ ನುಂಗಿದ್ದೇವೆ. ಮೇಡಂ ಕೈಯಲ್ಲಿದ್ದ ಹೊಸ ನಕ್ಷೆಯಲ್ಲಿ ಆ ಚಾಚಿದ ಭಾಗಕ್ಕೆ ಕೆಂಪು ಗೆರೆ ಎಳೆದಿದ್ದರು. ಅದರ ಎದುರಿಗೇ, ಕೆಳಗೆ, ಟೀಚರ್ ಅಡುಗೆಮನೆಯ ಕಿಟಕಿ.

ಒಂದು ಅಳತೆ ಆ ಕಡೆಯಿಂದಲೇ ತೆಗೆಯಬೇಕಿತ್ತು. ನಾನೇ ಕೇಳಿಕೊಂಡು ಹೋದೆ. ಮಧ್ಯಾಹ್ನ ಹನ್ನೆರಡು ಗಂಟೆ. ಅಡುಗೆಮನೆಯಲ್ಲಿ ಟ್ಯೂಬ್‌ಲೈಟ್ ಉರೀತಿತ್ತು. ಕಿಟಕಿ ಹತ್ತಿರ ನಿಂತು ಮೇಲೆ ನೋಡಿದರೆ ಆಕಾಶ ಒಂದು ಪಟ್ಟಿಯಷ್ಟು. ಉಳಿದದ್ದು ನಮ್ಮ ಸ್ಲ್ಯಾಬಿನ ಹೊಟ್ಟೆ. "ಯಾವಾಗಿನಿಂದ ಲೈಟ್ ಹಾಕ್ಕೋತೀರಾ ಟೀಚರ್?" ಅಂತ ಕೇಳಿದೆ. "ನಿಮ್ಮಣ್ಣನ ಮದುವೆ ವರ್ಷದಿಂದ" ಅಂದರು. ಅವರು ಸಿಟ್ಟಿನಲ್ಲಿ ಹೇಳಲಿಲ್ಲ. ತಾರೀಖು ಕೇಳಿದ್ದಕ್ಕೆ ತಾರೀಖು ಹೇಳಿದರು.

1882ರ ಈಸ್‌ಮೆಂಟ್ ಕಾಯ್ದೆ ಅಂತ ಒಂದಿದೆ, ದಾರಿ, ಬೆಳಕು, ಗಾಳಿಗಾಗಿ ಪಕ್ಕದವರ ಜಾಗದ ಮೇಲೆ ಇರುವ ಹಕ್ಕಿನ ಬಗ್ಗೆ. ಒಂದು ಕಿಟಕಿಗೆ 20 ವರ್ಷ ತಡೆಯಿಲ್ಲದೆ ಬೆಳಕು ಬಂದಿದ್ದರೆ ಆ ಬೆಳಕಿನ ಮೇಲೆ ಮನೆಯವರಿಗೆ ಹಕ್ಕು ಹುಟ್ಟುತ್ತೆ. ನಾವು ಚಾಚಿದಾಗ ಟೀಚರ್ ಕಿಟಕಿಗೆ 25 ವರ್ಷ. ಆಗ ಅವರು ಕೋರ್ಟಿಗೆ ಹೋಗಬಹುದಿತ್ತು. ಹೋಗಲಿಲ್ಲ. ಅಪ್ಪನ ಹತ್ತಿರ ಒಂದು ಮಾತೂ ಆಡಲಿಲ್ಲ. ನೋಯ್ಡಾದ ಅವಳಿ ಗೋಪುರಗಳನ್ನು 2022ರ ಆಗಸ್ಟ್ 28ರಂದು ಬೀಳಿಸಿದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದೆವು. ಸುಮಾರು 100 ಮೀಟರ್ ಎತ್ತರದವು. ಆ ಜಗಳ ಹುಟ್ಟಿದ್ದೂ ಪಕ್ಕದ ಮನೆಯವರಿಂದ. ಎರಡು ಕಟ್ಟಡದ ನಡುವೆ ಬಿಡಬೇಕಾದಷ್ಟು ಜಾಗ ಬಿಟ್ಟಿಲ್ಲ, ನಮ್ಮ ತೋಟದ ಜಾಗ ಹೋಯಿತು ಅಂತ ಅವರು ಕೋರ್ಟಿಗೆ ಹೋದರು. ಗೋಪುರಗಳಿಗೆ ಮಂಜೂರಾತಿ ಕಾಗದ ಇತ್ತು. ಆ ಮಂಜೂರಾತಿಯೇ ತಪ್ಪು ಅಂತ ಕೋರ್ಟು ಹೇಳಿತು. ಅಲ್ಲಿ ನೂರಾರು ಜನ ಒಟ್ಟಿಗೆ ನಿಂತರು. ಟೀಚರ್ ಒಬ್ಬರೇ, ಟ್ಯೂಬ್‌ಲೈಟ್ ಹಾಕಿಕೊಂಡರು.

ಕಟ್ಟುವ ಮೊದಲೇ ಅರ್ಜಿ ಹಾಕಿದ್ದರೆ ಈ ಎರಡೂವರೆ ಅಡಿ ಕಾಗದದಲ್ಲೇ ನಿಲ್ಲುತ್ತಿತ್ತು. ನಕ್ಷೆ ಮಂಜೂರು ಮಾಡುವ ಮೇಜಿನ ಹಿಂದೆ ಕೂತವರಿಗೆ ಟೀಚರ್ ಯಾರು ಅಂತ ಗೊತ್ತಿರುತ್ತಿರಲಿಲ್ಲ. ಆದರೂ ಐದು ಅಡಿ ಎಲ್ಲಿ ಅಂತ ಅವರ ಪರವಾಗಿ ಕೇಳುತ್ತಿದ್ದರು. ಆಮೇಲೆ ದಂಡ ಕಟ್ಟಿದರಾಯ್ತು ಅನ್ನುವ ಮಾತು ನನ್ನನ್ನು ಚುಚ್ಚುವುದು ಇದಕ್ಕೇ. ದಂಡ ಹೋಗುವುದು ಕಚೇರಿಗೆ. ಬೆಳಕು ಹೋಗಿದ್ದು ಟೀಚರದು.

ಈ ವರ್ಷ ಅರ್ಜಿಗೆ ಉತ್ತರ ಬಂತು. ದಂಡ ಕಟ್ಟಿ ಮೇಲಿನ ಮಹಡಿ ಉಳಿಸಿಕೊಳ್ಳಬಹುದು. ಚಾಚಿದ ಭಾಗ ತೆಗೆಯಬೇಕು. ಬಚ್ಚಲಿಗೆ ಗಾಳಿ ಕಿಟಕಿ ಇಡಬೇಕು. ಅಣ್ಣ ಮೇಲ್ಮನವಿ ಹಾಕೋಣ ಅಂದ. ನಾನು ಬೇಡ ಅಂದೆ. ಅಮ್ಮ ಇಬ್ಬರ ಮಾತೂ ಕೇಳಿ, "ಕತ್ತರಿಸಿ" ಅಂದರು.

ಕತ್ತರಿಸುವುದು ಸುಮ್ನೆ ಸುತ್ತಿಗೆಯಿಂದ ಒಡೆಯುವ ಕೆಲಸ ಅಲ್ಲ. ಮೊದಲು ಬೀಮಿನ ನೇರಕ್ಕೆ ರೂಮಿನೊಳಗೆ ಹೊಸ ಗೋಡೆ ಎಬ್ಬಿಸಿದರು. ಚಾಚಿದ ಸ್ಲ್ಯಾಬಿನ ಕೆಳಗೆ ಜಾಕಿ ಕೊಟ್ಟರು. ಹೊರಗಿನ ಗೋಡೆಯ ಇಟ್ಟಿಗೆಗಳನ್ನು ಒಂದೊಂದಾಗಿ ಒಳಗಡೆಗೆ ಎಳೆದುಕೊಂಡರು, ಟೀಚರ್ ಕಡೆ ಒಂದು ಚೂರೂ ಬೀಳದ ಹಾಗೆ. ಆಮೇಲೆ ನೀರು ಬಿಡುತ್ತಾ ಗರಗಸದ ಚಕ್ರದಿಂದ ಸ್ಲ್ಯಾಬ್ ಕೊಯ್ದರು. ಐದು ದಿನ ಹಿಡಿಯಿತು. ಅಣ್ಣನ ಮಂಚ ಆ ಗೋಡೆಗೆ ಈಗ ಅಡ್ಡ ಹಿಡಿಯುವುದಿಲ್ಲ, ಉದ್ದಕ್ಕೆ ತಿರುಗಿಸಿದ್ದೇವೆ.

ಫೈಲಿಗೆ ಕತ್ತರಿಸಿದ ಜಾಗದ ಫೋಟೋ ಸೇರಿಸಬೇಕಿತ್ತು. ನಮ್ಮ ಕಡೆಯಿಂದ ಎಷ್ಟು ಹಿಂದೆ ಸರಿದರೂ ಪೂರ್ತಿ ಬರಲಿಲ್ಲ. ಮತ್ತೆ ಟೀಚರ್ ಅಡುಗೆಮನೆಗೇ ಹೋದೆ. ಕಿಟಕಿಯಿಂದ ಎರಡು ಫೋಟೋ ತೆಗೆದೆ. ಟೀಚರ್ ಪಕ್ಕದಲ್ಲಿ ನಿಂತು ನಮ್ಮ ಹೊಸ ಗೋಡೆಯನ್ನು ನೋಡುತ್ತಿದ್ದರು. ಇನ್ನೂ ಸುಣ್ಣ ಬಣ್ಣ ಕಾಣದ ಬೂದು ಸಿಮೆಂಟು.

"ಯಾವ ಬಣ್ಣ ಹೊಡಿಸ್ತೀಯಮ್ಮಾ ಅದಕ್ಕೆ?" ಅಂತ ಕೇಳಿದರು.

ಇನ್ನೂ ಯೋಚನೆ ಮಾಡಿಲ್ಲ ಅಂದೆ.

"ಬಿಳಿ ಹೊಡಿಸು. ಬಿಸಿಲು ಅದಕ್ಕೆ ಬಿದ್ದು ಈ ಕಡೆ ಬರುತ್ತೆ" ಅಂದರು.

ಭಾನುವಾರ ಪೇಂಟರ್ ಬರ್ತಾರೆ.