ಕೊನೆಯ ರೈಲಿಗೆ ಮೊದಲು ಮತ್ತು ಆನಂತರ: ಟೋಕಿಯೋದ ರಾತ್ರಿಗಳಿಗೆ ಒಂದು ಸಿದ್ಧತೆ

ಟೋಕಿಯೋಕ್ಕೆ ಹೊರಟವರು ಸಾಮಾನ್ಯವಾಗಿ ಅಲ್ಲಿನ ಬಾರುಗಳು ಎಷ್ಟು ಹೊತ್ತಿಗೆ ಮುಚ್ಚುತ್ತವೆ ಎಂದು ವಿಚಾರಿಸುತ್ತಾರೆ. ರಾತ್ರಿ ಒಂದು ಗಂಟೆಯಾಗುತ್ತಲೇ ಬಾಗಿಲು ಹಾಕಿಸುವ ಬೆಂಗಳೂರಿನಿಂದ ಹೋಗುವ ನಮಗೆ ಈ ಪ್ರಶ್ನೆ ಸಹಜ. ಆದರೆ ಶಿಂಜುಕು, ಶಿಬುಯಾ, ರೊಪ್ಪೊಂಗಿಗಳಲ್ಲಿ ಬೆಳಗಿನ ಜಾವದವರೆಗೂ ತೆರೆದಿರುವ ಜಾಗಗಳಿಗೆ ಬರವಿಲ್ಲ. ಅಲ್ಲಿ ರಾತ್ರಿಯನ್ನು ಎರಡು ಪಾಲು ಮಾಡುವುದು ಕೊನೆಯ ರೈಲು. ಮಾರ್ಗವನ್ನು ಅವಲಂಬಿಸಿ ಹನ್ನೆರಡರಿಂದ ಒಂದು ಗಂಟೆಯೊಳಗೆ ರೈಲುಗಳು ನಿಂತುಬಿಡುತ್ತವೆ, ಮತ್ತೆ ಹೊರಡುವುದು ನಾಲ್ಕೂವರೆ, ಐದರ ಸುಮಾರಿಗೆ. 2021ರ ಮಾರ್ಚ್‌ನಲ್ಲಿ ಜೆಆರ್ ಈಸ್ಟ್ ಎಂಬ ರೈಲು ಸಂಸ್ಥೆಯು ಟೋಕಿಯೋ ಸುತ್ತಲಿನ ಅನೇಕ ಮಾರ್ಗಗಳ ಕೊನೆಯ ರೈಲುಗಳನ್ನು ಸುಮಾರು ಅರ್ಧ ಗಂಟೆ ಮೊದಲೇ ಹೊರಡುವಂತೆ ಮಾಡಿತು. ಆದ್ದರಿಂದ ಅದಕ್ಕಿಂತ ಹಳೆಯ ಪ್ರವಾಸ ಪುಸ್ತಕಗಳಲ್ಲಿರುವ ವೇಳೆಯನ್ನು ನಂಬಬಾರದು.

ನಾವು ಇಳಿದುಕೊಂಡಿದ್ದು ನಿಶಿ-ಕಸಾಯ್‌ನಲ್ಲಿದ್ದ ಬಂಧುಗಳ ಮನೆಯಲ್ಲಿ. ನಗರದ ಪೂರ್ವಕ್ಕಿರುವ ಎಡೊಗಾವಾ ವಾರ್ಡಿನ ಈ ಬಡಾವಣೆಯಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಹೋದ ಭಾರತೀಯರು ಹೆಚ್ಚಾಗಿ ನೆಲೆಸಿರುವುದರಿಂದ, ಇಲ್ಲಿಂದ ಹೋಗುವ ಕನ್ನಡಿಗರಲ್ಲಿ ಅನೇಕರಿಗೆ ಅಲ್ಲಿಯೇ ಪರಿಚಯದ ಮನೆ ಸಿಗುತ್ತದೆ. ವಾಸಕ್ಕೆ ಅನುಕೂಲವಾದ ಜಾಗವಾದರೂ ರಾತ್ರಿ ಸುತ್ತಾಟದ ದೃಷ್ಟಿಯಿಂದ ಒಂದು ತೊಡಕಿದೆ. ಶಿಂಜುಕುವಿನಿಂದ ಅಲ್ಲಿಗೆ ಬರಬೇಕಾದರೆ ಜೆಆರ್ ಸೋಬು ಮಾರ್ಗದಲ್ಲಿ ಈದಾಬಾಶಿಗೆ ಬಂದು, ಅಲ್ಲಿ ತೋಜಾಯ್ ಮೆಟ್ರೊ ಮಾರ್ಗಕ್ಕೆ ಬದಲಾಯಿಸಬೇಕು. ಶಿಂಜುಕುವಿನಲ್ಲಿ ಫಲಕದ ಮೇಲೆ ರೈಲು ಇನ್ನೂ ಕಾಣಿಸುತ್ತಿರುತ್ತದೆ. ಆದರೆ ಅದನ್ನು ಹತ್ತಿ ಈದಾಬಾಶಿ ತಲುಪುವಷ್ಟರಲ್ಲಿ ತೋಜಾಯ್‌ನ ಕೊನೆಯ ರೈಲು ಹೊರಟುಹೋಗಿರಬಹುದು. ನಕ್ಷೆಯ ಆ್ಯಪ್‌ನಲ್ಲಿ ಹೊರಡುವ ನಿಲ್ದಾಣ ಮತ್ತು ಮನೆಯ ನಿಲ್ದಾಣ ಎರಡನ್ನೂ ಕೊಟ್ಟು 'ಕೊನೆಯ ರೈಲು' ಎಂಬ ಆಯ್ಕೆಯನ್ನು ಒತ್ತಿ ನೋಡುವುದು ಇದಕ್ಕೆ ಪರಿಹಾರ. ಆ ವೇಳೆಗಿಂತ ಅರ್ಧ ಗಂಟೆ ಮೊದಲು ಬಾರಿನಿಂದ ಏಳಬೇಕು. ಇನ್ನೂರಕ್ಕೂ ಹೆಚ್ಚು ದ್ವಾರಗಳಿರುವ ಶಿಂಜುಕು ನಿಲ್ದಾಣದಲ್ಲಿ ಸರಿಯಾದ ಪ್ಲಾಟ್‌ಫಾರ್ಮ್ ಹುಡುಕಲು ಹೊಸಬರಿಗೆ ಅಷ್ಟು ಸಮಯ ಬೇಕೇ ಬೇಕು. ಟ್ಯಾಕ್ಸಿಗಳು ಇಡೀ ರಾತ್ರಿ ಸಿಗುತ್ತವೆ, ಆದರೆ ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಶೇ. 20ರಷ್ಟು ಹೆಚ್ಚುವರಿ ದರವಿರುತ್ತದೆ. ಶಿಂಜುಕುವಿನಿಂದ ನಿಶಿ-ಕಸಾಯ್‌ಗೆ ಏಳೆಂಟು ಸಾವಿರ ಯೆನ್ ಆಗುವುದನ್ನು ಲೆಕ್ಕ ಹಾಕಿದರೆ, ಒಂದೆರಡು ರಾತ್ರಿಗಳ ಮಟ್ಟಿಗೆ ಶಿಂಜುಕುವಿನಲ್ಲಿಯೇ ಕೋಣೆ ಹಿಡಿಯುವುದು ಲಾಭದಾಯಕ.

ಎರಡನೆಯದಾಗಿ ತಿಳಿದಿರಬೇಕಾದದ್ದು ಕೂರುವುದಕ್ಕೆ ಕೊಡಬೇಕಾದ ಹಣ. ಇಜಾಕಾಯಾ ಎಂದು ಕರೆಯುವ, ಕುಡಿತ ಮತ್ತು ಊಟ ಎರಡೂ ನಡೆಯುವ ಸಾಮಾನ್ಯ ಅಂಗಡಿಗಳಲ್ಲಿ ಕೂತ ಕೂಡಲೇ ಕೇಳದೆಯೇ ಒಂದು ಪುಟ್ಟ ಬಟ್ಟಲಿನಲ್ಲಿ ಏನಾದರೂ ತಂದಿಡುತ್ತಾರೆ. ಇದಕ್ಕೆ ಒತೋಶಿ ಎನ್ನುತ್ತಾರೆ. ತಲೆಗೆ ಮುನ್ನೂರರಿಂದ ಐನೂರು ಯೆನ್ ಬಿಲ್ಲಿಗೆ ಸೇರುತ್ತದೆ, ತಿಂದರೂ ಬಿಟ್ಟರೂ. ಇದನ್ನು ಮೋಸವೆಂದು ಭಾವಿಸಿ ವಾದಕ್ಕಿಳಿಯುವ ವಿದೇಶಿಯರನ್ನು ನಾವು ಕಂಡೆವು. ಅಲ್ಲಿನವರೂ ಅದನ್ನೇ ಕೊಡುತ್ತಾರೆ ಎಂಬುದು ಗೊತ್ತಿದ್ದರೆ ಆ ಜಗಳ ಬೇಕಿರಲಿಲ್ಲ. ಟಿಪ್ಸ್ ಕೊಡುವ ಪದ್ಧತಿ ಇಲ್ಲದಿರುವುದರಿಂದ ಒಟ್ಟಾರೆ ಖರ್ಚು ಸರಿಹೋಗುತ್ತದೆ. ನಿಗದಿತ ಹಣಕ್ಕೆ ತೊಂಬತ್ತು ನಿಮಿಷ ಅಥವಾ ಎರಡು ಗಂಟೆ ಎಷ್ಟು ಬೇಕಾದರೂ ಕುಡಿಯಬಹುದಾದ ನೊಮಿಹೊದಾಯ್ ಎಂಬ ವ್ಯವಸ್ಥೆ ಅನೇಕ ಕಡೆ ಇದೆ. ಗುಂಪಾಗಿ ಹೋದವರಿಗೆ ಅದು ಒಳ್ಳೆಯದು, ಒಂದೆರಡು ಲೋಟಕ್ಕೆ ಮುಗಿಸುವವರಿಗೆ ನಷ್ಟ. ಸಮಯ ಮುಗಿಯುವ ಸಾಕಷ್ಟು ಮೊದಲೇ ಕೊನೆಯ ಆರ್ಡರ್ ತೆಗೆದುಕೊಳ್ಳುತ್ತಾರೆ ಎಂಬುದನ್ನು ಗಮನದಲ್ಲಿಡಬೇಕು.

ಮೊದಲ ಸಂಜೆಗೆ ನನ್ನ ಶಿಫಾರಸು ಅಸಾಕುಸಾ. ಸೆನ್ಸೋಜಿ ದೇವಾಲಯವನ್ನು ನೋಡಿಕೊಂಡು ನಡೆದೇ ಹೋಗಬಹುದಾದ ದೂರದಲ್ಲಿ, 1880ರಲ್ಲಿ ಆರಂಭವಾದ ಕಾಮಿಯಾ ಬಾರ್ ಇದೆ. ಅಲ್ಲಿನ ಹೆಸರುವಾಸಿ ಪೇಯ ಡೆಂಕಿ ಬ್ರಾನ್. ಬ್ರಾಂದಿಯೊಂದಿಗೆ ಮತ್ತಿತರ ಮದ್ಯ ಹಾಗೂ ಗಿಡಮೂಲಿಕೆಗಳನ್ನು ಬೆರೆಸಿದ, ಕೊಂಚ ಸಿಹಿಯಾದ, ಆದರೆ ಗಂಟಲಲ್ಲಿ ಕಾವು ಉಳಿಸುವ ಪಾನೀಯ. ಪುಟ್ಟ ಗ್ಲಾಸಿನಲ್ಲಿ ಕೊಡುವುದರಿಂದ ಹಗುರವೆಂದು ಭಾವಿಸಬಾರದು. ವಯಸ್ಸಾದ ಸ್ಥಳೀಯರು ಅದನ್ನು ಗುಟುಕರಿಸುತ್ತ ನಡುನಡುವೆ ಬೀರು ಕುಡಿಯುತ್ತಿದ್ದರು, ನಾವೂ ಹಾಗೆಯೇ ಮಾಡಿದೆವು. ಈ ಬಾರು ಬೇಗ ಮುಚ್ಚುತ್ತದೆ, ಹೀಗಾಗಿ ಪ್ರಯಾಣದ ದಣಿವಿರುವ ದಿನಕ್ಕೆ ಹೇಳಿ ಮಾಡಿಸಿದಂತಿದೆ.

ಗೋಲ್ಡನ್ ಗಾಯ್ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಬೇಕು, ಏಕೆಂದರೆ ಎಲ್ಲರೂ ಅಲ್ಲಿಗೆ ಹೋಗುತ್ತಾರೆ ಮತ್ತು ಅರ್ಧದಷ್ಟು ಜನ ಒಳಗೆ ಕೂರದೆ ಫೋಟೊ ಹೊಡೆದುಕೊಂಡು ಬರುತ್ತಾರೆ. ಶಿಂಜುಕುವಿನ ಕಾಬುಕಿಚೋ ಪ್ರದೇಶದ ಅಂಚಿನಲ್ಲಿ, ಇಬ್ಬರು ಎದುರಾದರೆ ಒಬ್ಬರು ಓರೆಯಾಗಿ ನಿಲ್ಲಬೇಕಾದಷ್ಟು ಇಕ್ಕಟ್ಟಾದ ಆರು ಓಣಿಗಳಲ್ಲಿ ಇನ್ನೂರಕ್ಕೂ ಹೆಚ್ಚು ಬಾರುಗಳಿವೆ. ಮಹಾಯುದ್ಧದ ನಂತರದ ಕಾಳಸಂತೆಯ ಕಾಲದಲ್ಲಿ ಹುಟ್ಟಿದ ಈ ಜಾಗ, 1958ರಲ್ಲಿ ವೇಶ್ಯಾವಾಟಿಕೆ ನಿಷೇಧ ಪೂರ್ಣವಾಗಿ ಜಾರಿಯಾದ ಮೇಲೆ ಬಾರುಗಳ ಕೇರಿಯಾಯಿತು. ಲೇಖಕರು, ನಾಟಕದವರು, ಸಿನಿಮಾದವರು ಸೇರುವ ತಾಣವೆಂದು ಹೆಸರಾಯಿತು. ಒಂದೊಂದು ಬಾರಿನಲ್ಲಿ ಐದರಿಂದ ಹತ್ತು ಆಸನಗಳಷ್ಟೇ ಇರುತ್ತವೆ. ಹಾಗಾಗಿ ನಾಲ್ಕು ಜನರ ತಂಡ ಒಟ್ಟಿಗೆ ನುಗ್ಗಲು ಹೋದರೆ ಜಾಗವಿಲ್ಲವೆಂಬ ಉತ್ತರ ಬರುತ್ತದೆ, ಇಬ್ಬಿಬ್ಬರಾಗಿ ಬೇರೆಯಾದರೆ ಸುಲಭವಾಗಿ ಸಿಗುತ್ತದೆ. ಕೆಲವು ಬಾರುಗಳು ಪರಿಚಿತ ಗಿರಾಕಿಗಳಿಗೆ ಮಾತ್ರ ಮೀಸಲು. ಅಲ್ಲಿ ಒಳಗೆ ಬಿಡದಿದ್ದರೆ ಅವಮಾನವೆಂದು ತಿಳಿಯುವ ಕಾರಣವಿಲ್ಲ. ದಿನವೂ ಬರುವ ಆರು ಜನರನ್ನು ನಂಬಿ ಅಂಗಡಿ ನಡೆಸುವವರು ಒಂದು ದಿನಕ್ಕೆ ಬರುವವರಿಗಾಗಿ ಅವರನ್ನು ಎಬ್ಬಿಸಲಾರರು. ವಿದೇಶಿಯರಿಗೆ ಸ್ವಾಗತವಿರುವ ಬಾರುಗಳು ಕೂರುವ ದರವನ್ನು ಬಾಗಿಲ ಮೇಲೆಯೇ ಇಂಗ್ಲಿಷಿನಲ್ಲಿ ಬರೆದಿರುತ್ತವೆ. ಅದು ಐನೂರರಿಂದ ಸಾವಿರ ಯೆನ್ ಆಸುಪಾಸಿನಲ್ಲಿರುತ್ತದೆ, ಕೆಲವು ಕಡೆ ಹೆಚ್ಚು, ಕೆಲವು ಕಡೆ ಇಲ್ಲವೇ ಇಲ್ಲ. ಈ ದರ ಪ್ರತಿ ಬಾರಿನಲ್ಲೂ ಹೊಸದಾಗಿ ಬೀಳುವುದರಿಂದ ಐದು ಬಾರುಗಳಿಗೆ ನುಗ್ಗಿ ಬರುವ ಉತ್ಸಾಹ ದುಬಾರಿಯಾಗುತ್ತದೆ. ಒಂದೆರಡರಲ್ಲಿ ನಿಧಾನವಾಗಿ ಕೂತರೆ ಮಾಲೀಕರೊಂದಿಗೂ ಪಕ್ಕದವರೊಂದಿಗೂ ಮಾತು ಬೆಳೆಯುತ್ತದೆ, ಆ ಮಾತಿಗಾಗಿಯೇ ಅಲ್ಲಿಗೆ ಹೋಗಬೇಕು. ಓಣಿಗಳಲ್ಲಿ ಅನುಮತಿಯಿಲ್ಲದೆ ಚಿತ್ರ ತೆಗೆಯುವಂತಿಲ್ಲ. ನಗದಿಗೆ ಮಾತ್ರ ವ್ಯವಹರಿಸುವ ಬಾರುಗಳು ಇನ್ನೂ ಇರುವುದರಿಂದ, ಸೆವೆನ್-ಇಲೆವೆನ್ ಅಂಗಡಿಗಳ ಎಟಿಎಂನಲ್ಲಿ ಮೊದಲೇ ಯೆನ್ ತೆಗೆದಿಟ್ಟುಕೊಳ್ಳಬೇಕು. ಹೊಗೆ ಸಹಿಸದವರಿಗೆ ಮತ್ತೊಂದು ಮಾತು: 2020ರ ಏಪ್ರಿಲ್‌ನಿಂದ ಟೋಕಿಯೋದ ಹೋಟೆಲು, ಬಾರುಗಳ ಒಳಗೆ ಧೂಮಪಾನಕ್ಕೆ ನಿರ್ಬಂಧವಿದ್ದರೂ, ಕೆಲಸಗಾರರನ್ನಿಟ್ಟುಕೊಳ್ಳದೆ ಮಾಲೀಕರೇ ನಡೆಸುವ ಸಣ್ಣ ಅಂಗಡಿಗಳಿಗೆ ವಿನಾಯಿತಿ ಇದೆ, ಗೋಲ್ಡನ್ ಗಾಯ್‌ನಲ್ಲಿ ಅಂಥವೇ ಹೆಚ್ಚು.

ಸಸ್ಯಾಹಾರಿಗಳು ಹೊಟ್ಟೆಗೆ ಹಾಕಿಕೊಂಡೇ ಹೊರಡುವುದು ಮೇಲು. ತರಕಾರಿಯೆಂದು ಕಾಣುವ ಖಾದ್ಯದಲ್ಲೂ ಒಣಮೀನಿನ ಸಾರು ಇರುತ್ತದೆ, ತಣ್ಣನೆಯ ತೋಫುವಿನ ಮೇಲೆ ಮೀನಿನ ಚೂರು ಉದುರಿಸುತ್ತಾರೆ, ಒತೋಶಿಯಲ್ಲಿ ಏನು ಬರುತ್ತದೆಂಬುದು ಆ ದಿನದ ಅಡಿಗೆಯವರಿಗೆ ಬಿಟ್ಟದ್ದು. ಉಪ್ಪು ಹಾಕಿ ಬೇಯಿಸಿದ ಹಸಿ ಸೋಯಾ ಕಾಯಿ, ಅಂದರೆ ಎದಮಾಮೆ, ಬಹುತೇಕ ಎಲ್ಲ ಕಡೆ ಸಿಗುತ್ತದೆ. ನಮ್ಮ ಅವರೆಕಾಯಿ ಸುಲಿದು ತಿಂದ ಕೈಗಳಿಗೆ ಅದು ಕೂಡಲೇ ಒಗ್ಗುತ್ತದೆ. ಮದ್ಯ ಮುಟ್ಟದವರಿಗೆ ಊಲಾಂಗ್ ಚಹಾ, ಆಲ್ಕೋಹಾಲ್ ಇಲ್ಲದ ಬೀರು ಇವೆ. ಯಾರೂ ಹುಬ್ಬೇರಿಸುವುದಿಲ್ಲ, ಆದರೆ ಕೂರುವ ದರ ಅವರಿಗೂ ಅಷ್ಟೇ.

ಗೋಲ್ಡನ್ ಗಾಯ್‌ಗೆ ಹೋಗುವ ದಾರಿಯಲ್ಲಿಯೇ ಸಿಗುವ ಕಾಬುಕಿಚೋದ ವಿಷಯದಲ್ಲಿ ನಾನು ಕೊಡುವ ಸಲಹೆ ಒಂದೇ: ಬೀದಿಯಲ್ಲಿ ಕರೆಯುವವರ ಹಿಂದೆ ಹೋಗಬೇಡಿ. ಹೀಗೆ ಗಿರಾಕಿಗಳನ್ನು ಹಿಡಿಯುವುದು ಕಾನೂನುಬಾಹಿರವೆಂದೂ ಅವರನ್ನು ನಂಬಬಾರದೆಂದೂ ಅಲ್ಲಿ ಧ್ವನಿವರ್ಧಕಗಳಲ್ಲಿ ಘೋಷಿಸುತ್ತಲೇ ಇರುತ್ತಾರೆ. ಆ ಘೋಷಣೆಯ ಕೆಳಗೆಯೇ ನಿಂತು ಒಬ್ಬಾತ ನಮ್ಮನ್ನು 'ಮೂರು ಸಾವಿರಕ್ಕೆ ಬೇಕಾದಷ್ಟು ಕುಡಿಯಿರಿ' ಎಂದು ಕರೆದ. ಒಳಗೆ ಹೋದ ಮೇಲೆ ಸೇವಾ ಶುಲ್ಕ, ಮೇಜಿನ ಶುಲ್ಕ, ಜೊತೆಗೆ ಕೂತ ಹೆಂಗಸು ಕುಡಿದದ್ದರ ಬೆಲೆ ಎಂದೆಲ್ಲ ಸೇರಿಸಿ ಹತ್ತಾರು ಸಾವಿರ ಯೆನ್ ಕೀಳುವುದು ಇಂಥ ದಂಧೆಯ ರೀತಿ. ಕಾಬುಕಿಚೋ ಮತ್ತು ರೊಪ್ಪೊಂಗಿಯಲ್ಲಿ ಪಾನೀಯಕ್ಕೆ ಮದ್ದು ಬೆರೆಸಿ ಕಾರ್ಡು ಉಜ್ಜಿಸಿಕೊಳ್ಳುವ ಬಗ್ಗೆ ಅಮೆರಿಕದ ರಾಯಭಾರ ಕಚೇರಿ ತನ್ನ ನಾಗರಿಕರಿಗೆ ಎಚ್ಚರಿಕೆ ನೀಡಿದ್ದುಂಟು. ಪೊಲೀಸರ ತುರ್ತು ಸಂಖ್ಯೆ 110. ಕೋಬಾನ್ ಎಂಬ ಪುಟ್ಟ ಪೊಲೀಸ್ ಠಾಣೆಗಳು ನಿಲ್ದಾಣಗಳ ಬಳಿ ಇರುತ್ತವೆ. ಇದಿಷ್ಟನ್ನು ಬಿಟ್ಟರೆ, ನಡುರಾತ್ರಿ ಹೆಂಗಸರು ಒಬ್ಬೊಬ್ಬರೇ ನಿಲ್ದಾಣದತ್ತ ನಡೆದುಹೋಗುವ ನಗರವದು.

ಗಿಂಜಾದ ಕಾಕ್‌ಟೇಲ್ ಬಾರುಗಳ ಶಿಸ್ತು ಬೇರೆ. ಮೆಲುದನಿ, ಒಳ್ಳೆಯ ಉಡುಪು, ಬಾರ್‌ಟೆಂಡರ್ ಮಂಜುಗಡ್ಡೆಯನ್ನು ಕೆತ್ತುವುದನ್ನು ನೋಡುವ ತಾಳ್ಮೆ ಇವಿಷ್ಟಿದ್ದರೆ ಸಾಕು. 1928ರಿಂದ ನಡೆಯುತ್ತಿರುವ ಲುಪಾನ್ ಬಾರಿಗೆ ದಜಾಯ್ ಒಸಾಮು ಮುಂತಾದ ಲೇಖಕರು ಬರುತ್ತಿದ್ದರು. ಅಲ್ಲಿ ಒಂದು ಪಾನೀಯಕ್ಕೆ, ಕೂರುವ ದರವೂ ಸೇರಿ, ಇಜಾಕಾಯಾದ ಇಡೀ ಸಂಜೆಯ ಖರ್ಚಾಗಬಹುದು, ಆದರೂ ಒಮ್ಮೆ ಹೋಗಬೇಕು. ಆದರೆ ಅದೇ ಗಿಂಜಾದಲ್ಲಿ 'ಕ್ಲಬ್' ಎಂಬ ಫಲಕವಿರುವ ಮಹಡಿಗಳು ಹೆಚ್ಚಾಗಿ ಕಂಪನಿ ಮೇಲಧಿಕಾರಿಗಳನ್ನು ಹೆಂಗಸರು ಉಪಚರಿಸುವ, ಪರಿಚಯವಿಲ್ಲದೆ ಹೋಗಲಾಗದ ತಾಣಗಳು. ಕುಣಿತಕ್ಕಾಗಿ ಅಲ್ಲಿ ಮೆಟ್ಟಿಲು ಹತ್ತಬಾರದು. ಸಂಗೀತಪ್ರಿಯರಿಗೆ 1965ರಲ್ಲಿ ಆರಂಭವಾದ ಶಿಂಜುಕು ಪಿಟ್ ಇನ್‌ನ ಜಾಜ್ ಇದೆ, ಮತ್ತು ಅದು ಕೊನೆಯ ರೈಲಿಗೆ ಸಾಕಷ್ಟು ಮೊದಲೇ ಮುಗಿಯುತ್ತದೆ.

ಕುಣಿಯಬೇಕೆಂದರೆ ಶಿಬುಯಾ. 1948ರ ಮನರಂಜನಾ ವ್ಯವಹಾರ ಕಾನೂನಿನಡಿ ಮಧ್ಯರಾತ್ರಿಯ ನಂತರ ಗಿರಾಕಿಗಳನ್ನು ಕುಣಿಸುವುದಕ್ಕೆ ಇತ್ತೀಚಿನವರೆಗೂ ನಿರ್ಬಂಧವಿತ್ತು. 2015ರಲ್ಲಿ ತಿದ್ದುಪಡಿಯಾಗಿ 2016ರ ಜೂನ್‌ನಿಂದ ಪರವಾನಗಿ ಪಡೆದ ಕ್ಲಬ್‌ಗಳು ಬೆಳಗಿನವರೆಗೆ ನಡೆಯಬಹುದಾಯಿತು. ಜಪಾನಿನಲ್ಲಿ 2022ರಿಂದ ವಯಸ್ಕರಾಗುವ ವಯಸ್ಸು 18ಕ್ಕೆ ಇಳಿದರೂ ಕುಡಿಯುವ ವಯಸ್ಸು 20 ಆಗಿಯೇ ಉಳಿದಿದೆ, ಆದ್ದರಿಂದ ನರೆತ ತಲೆಯವರನ್ನೂ ಬಿಡದೆ ಬಾಗಿಲಲ್ಲಿ ಗುರುತಿನ ಚೀಟಿ ಕೇಳುತ್ತಾರೆ. ಆಧಾರ್ ಕಾರ್ಡು ನಡೆಯುವುದಿಲ್ಲ. ಮೂಲ ಪಾಸ್‌ಪೋರ್ಟೇ ಬೇಕು, ಮತ್ತು ಪ್ರವಾಸಿಗರು ಅದನ್ನು ಸದಾ ಜೊತೆಯಲ್ಲಿಟ್ಟುಕೊಳ್ಳುವುದು ಹೇಗೂ ಅಲ್ಲಿನ ಕಾನೂನು. ಪ್ರವೇಶ ದರದಲ್ಲಿ ಸಾಮಾನ್ಯವಾಗಿ ಒಂದು ಪಾನೀಯ ಸೇರಿರುತ್ತದೆ. ಹನ್ನೊಂದಕ್ಕೆ ಹೋದರೆ ಹಾಲ್ ಖಾಲಿಯಿರುತ್ತದೆ. ಜನ ಕೊನೆಯ ರೈಲಿನಲ್ಲಿ ಬಂದು ಮೊದಲ ರೈಲಿನಲ್ಲಿ ಹಿಂತಿರುಗುತ್ತಾರೆ. ಅಂಗಡಿಯಿಂದ ಬೀರು ಕೊಂಡು ಬೀದಿಯಲ್ಲಿ ನಿಂತು ಕುಡಿಯುವುದನ್ನು ಶಿಬುಯಾ ವಾರ್ಡು 2024ರ ಅಕ್ಟೋಬರ್‌ನಿಂದ ನಿಲ್ದಾಣದ ಸುತ್ತ ಸಂಜೆ ಆರರಿಂದ ಬೆಳಗಿನ ಐದರವರೆಗೆ ವರ್ಷವಿಡೀ ನಿಷೇಧಿಸಿದೆ.

ರೈಲು ತಪ್ಪಿದವರಿಗೆ ಒಬ್ಬರು ಮಲಗುವಷ್ಟೇ ಗೂಡುಗಳಿರುವ ಕ್ಯಾಪ್ಸೂಲ್ ಹೋಟೆಲು, ಇಡೀ ರಾತ್ರಿಯ ದರಕ್ಕೆ ಸಿಗುವ ಕರಾವೊಕೆ ಕೋಣೆ, ಒರಗು ಕುರ್ಚಿಗಳಿರುವ ಮಾಂಗಾ (ಜಪಾನಿ ಚಿತ್ರಕಥೆ) ಕೆಫೆ ಇವೆ. ಶುಕ್ರವಾರ, ಶನಿವಾರಗಳಂದು ಇವು ರಾತ್ರಿ ಒಂದರೊಳಗೇ ತುಂಬುವುದರಿಂದ ತಡಮಾಡದೆ ನಿರ್ಧರಿಸಬೇಕು. ಬೀದಿ ಬದಿಯಲ್ಲಿ ನಿಂತಿರುವ ಬಾಡಿಗೆ ಸೈಕಲ್ಲನ್ನು ಮಾತ್ರ ಮುಟ್ಟಬಾರದು: ಕುಡಿದು ಸೈಕಲ್ ತುಳಿಯುವವರ ಮೇಲಿನ ಶಿಕ್ಷೆಯನ್ನು 2024ರ ನವೆಂಬರ್‌ನಲ್ಲಿ ಬಿಗಿಗೊಳಿಸಿದ್ದಾರೆ, ಜೈಲಿಗೂ ಅವಕಾಶವಿದೆ.

ದಿನಗಳನ್ನು ಹೊಂದಿಸುವಾಗ ಭಾನುವಾರ ಅನೇಕ ಸಣ್ಣ ಬಾರುಗಳಿಗೆ ರಜೆಯೆಂಬುದನ್ನು ನೆನಪಿಡಿ. ಗೋಲ್ಡನ್ ಗಾಯ್‌ಗೆ ಮಂಗಳವಾರ, ಬುಧವಾರಗಳು ಉತ್ತಮ, ಶಿಬುಯಾದ ಕ್ಲಬ್‌ಗಳಿಗೆ ಶನಿವಾರವೇ ಸರಿ. ಬೆಂಗಳೂರಿನ ನೇರ ವಿಮಾನವಿರುವ ನರೀತಾ ನಿಲ್ದಾಣವು ನಗರದಿಂದ ಅರವತ್ತು ಕಿಲೋಮೀಟರಿನಷ್ಟು ದೂರದಲ್ಲಿದ್ದು, ರೈಲಿನಲ್ಲಿ ಹೋಗಲು ಒಂದು ಗಂಟೆಯ ಆಸುಪಾಸು ಬೇಕಾಗುತ್ತದೆ. ಆದ್ದರಿಂದ ಹೊರಡುವ ಹಿಂದಿನ ರಾತ್ರಿಗೆ ಮನೆಯ ಸಮೀಪದ ಇಜಾಕಾಯಾವೊಂದನ್ನು ಇಟ್ಟುಕೊಂಡು ಹತ್ತು ಗಂಟೆಗೆ ಹಾಸಿಗೆ ಸೇರುವಂತೆ ಯೋಜಿಸಿ.